ಅಪ್‌ಡೇಟ್: ಲಿಸ್ಬನ್ ಗುಡ್ಡ, ಎರಡು ಮಕ್ಕಳು, ಒಂದು ಸ್ಟ್ರಾಲರ್

ಹೋದ ತಿಂಗಳು ಇಲ್ಲಿ ನಿಮ್ಮನ್ನು ಕೇಳಿದ್ದೆನಲ್ಲ, ಆರು ಮತ್ತು ಮೂರು ವರ್ಷದ ಮಕ್ಕಳನ್ನು ಕಟ್ಟಿಕೊಂಡು ಪೋರ್ಚುಗಲ್‌ನ ಲಿಸ್ಬನ್ ಒಂದೇ ದಿನದಲ್ಲಿ ಸುತ್ತಬಹುದಾ, ಸ್ಟ್ರಾಲರ್ (ಮಗು ಕೂರಿಸುವ ತಳ್ಳುಗಾಡಿ) ಬೇಕಾ ಅಂತ. ಹೋಗಿ ಬಂದೆವು.

ಸ್ಟ್ರಾಲರ್ ಬೇಡ ಅಂದವರ ಮಾತು ಕೇಳಬೇಕಿತ್ತು. ಫುಟ್‌ಪಾತ್‌ಗೆ ಹಾಸಿರುವುದು ಪುಟ್ಟ ಪುಟ್ಟ ಸುಣ್ಣದಕಲ್ಲು. ಸವೆದು ಸೋಪಿನ ಹಾಗೆ ನುಣುಪಾಗಿದೆ. ಚಕ್ರದ ಗಡಗಡ ಸದ್ದಿಗೆ ಮಲಗಿದ್ದ ಮಗಳು ಎದ್ದು ಕೂತಳು. ಹಳೇ ಬಡಾವಣೆ ಅಲ್ಫಾಮಾದ ಮೆಟ್ಟಿಲುಗಳಲ್ಲಂತೂ ಸ್ಟ್ರಾಲರನ್ನು ನಮ್ಮ ಯಜಮಾನರು ಹೊತ್ತರು, ಮಗಳನ್ನು ನಾನು.

ಗುಡ್ಡ ಹತ್ತುವ 28ನೇ ನಂಬರಿನ ಹಳದಿ ಟ್ರಾಮ್‌ಗೆ ಮಾರ್ಟಿಮ್ ಮೊನಿಜ್‌ನಲ್ಲಿ ಮುಕ್ಕಾಲು ಗಂಟೆ ಕ್ಯೂ ನಿಂತು ಸಾಕಾಗಿ ವಾಪಸ್ ಬಂದೆವು. ನೀವು ಹೇಳಿದ 737 ಬಸ್ಸೇ ಕಾಪಾಡಿದ್ದು. ಫಿಗೇರಾ ಚೌಕದಲ್ಲಿ ಹತ್ತಿದರೆ ಗುಡ್ಡದ ಮೇಲಿನ ಸಾವೊ ಜೋರ್ಜ್ ಕೋಟೆ ಬಾಗಿಲ ಹತ್ತಿರಕ್ಕೇ ಬಿಡುತ್ತದೆ. ಹತ್ತಲು ಬಸ್ಸು, ಇಳಿಯಲು ಕಾಲು. ಮಕ್ಕಳಿದ್ದರೆ ಅಷ್ಟೇ ಸರಿ.

ಕೋಟೆಯಲ್ಲಿ, 1147ರಲ್ಲಿ ಪೋರ್ಚುಗಲ್‌ನ ಮೊದಲ ರಾಜ ಅಫೊನ್ಸೊ ಅದನ್ನು ಗೆದ್ದ ಕಥೆ ಶುರು ಮಾಡಿದೆ. ಮಗ ಕೇಳಲೇ ಇಲ್ಲ, ಅಲ್ಲಿನ ನವಿಲುಗಳನ್ನು ಎಣಿಸುತ್ತಿದ್ದ. "ಅಮ್ಮಾ, ನಮ್ಮ ನವಿಲು ಇಲ್ಲಿಗೆ ಯಾಕೆ ಬಂತು?" ಉತ್ತರ ನನ್ನ ಹತ್ತಿರ ಇರಲಿಲ್ಲ. ಕೋಟೆ ಗೋಡೆ ಮೇಲೆ ಓಡಾಡುವಾಗ ಮಾತ್ರ ಮಕ್ಕಳ ಕೈ ಬಿಡಬೇಡಿ.

ಇಳಿಯುತ್ತಾ, ವ್ಯೂಪಾಯಿಂಟ್ ಪೋರ್ಟಾಸ್ ದೊ ಸೋಲ್‌ನಲ್ಲಿ ತೇಜೊ ನದಿ ನೋಡುತ್ತಾ ಪಾಸ್ಟೆಲ್ ದೆ ನಾಟಾ (ಕಸ್ಟರ್ಡ್ ತುಂಬಿದ ಪುಟ್ಟ ಪೇಸ್ಟ್ರಿ) ತಿಂದೆವು. ಅದರ ಮೇಲಿನ ಚಕ್ಕೆ ಪುಡಿಯನ್ನು ಮಗಳು ಉಫ್ ಅಂತ ಊದಿದಳು, ಪೂರ್ತಿ ಅಪ್ಪನ ಬಿಳಿ ಅಂಗಿಗೆ! ಬೀದಿಯಲ್ಲೇ ನಿಂತಿರುವ 1902ರ ಸಾಂಟಾ ಜುಸ್ಟಾ ಲಿಫ್ಟಿಗೆ ಹತ್ತದೆ ಕೆಳಗಿನಿಂದಲೇ ಕೈ ಮುಗಿದೆವು.

ಸ್ಟ್ರಾಲರಿನ ಮುಂದಿನ ಚಕ್ರ ಈಗ ಅಲ್ಲಾಡುತ್ತಿದೆ. ರಿಪೇರಿ ಯಾರಿಗಾದರೂ ಗೊತ್ತಾ?