ಅರಮನೆಯ ಅತಿಥಿಗೆ ಮಣೆ ಹಾಕುವವರು ಯಾರು?

ಪ್ರಶ್ನೆ

2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರಿಗೆ ವಿಂಡ್ಸರ್ ಕೋಟೆಯಲ್ಲಿ ದೊರೆತ ಸ್ವಾಗತವನ್ನು ಸುದ್ದಿವಾಹಿನಿಗಳಲ್ಲಿ ನೋಡಿದೆ. ಸಾರೋಟುಗಳ ಮೆರವಣಿಗೆ, ಕುಶಾಲುತೋಪು, ಗೌರವ ರಕ್ಷೆ, ರಾತ್ರಿಯ ಔತಣಕೂಟ, ಎಲ್ಲವೂ ಕಣ್ಣಿಗೆ ಹಬ್ಬವೇ. ಆದರೆ ಅದಕ್ಕೆ ಏಳು ತಿಂಗಳು ಮೊದಲು, ಫೆಬ್ರವರಿಯಲ್ಲಿ, ಬ್ರಿಟನ್ನಿನ ಪ್ರಧಾನಿ ಕೀರ್ ಸ್ಟಾರ್ಮರ್ ಅವರು ಶ್ವೇತಭವನದಲ್ಲಿ ಕ್ಯಾಮೆರಾಗಳ ಮುಂದೆ ಕೋಟಿನ ಜೇಬಿನಿಂದ ರಾಜ ಚಾರ್ಲ್ಸ್ ಅವರ ಆಹ್ವಾನಪತ್ರವನ್ನು ತೆಗೆದು ಕೊಟ್ಟ ದೃಶ್ಯವೂ ನೆನಪಿನಲ್ಲಿದೆ. ಕರೆಯೋಲೆ ರಾಜನದು, ಜೇಬು ಪ್ರಧಾನಿಯದು. ಹಾಗಾದರೆ ಅತಿಥಿಯನ್ನು ಆರಿಸುವವರು ನಿಜವಾಗಿ ಯಾರು? ನಮ್ಮ ಪ್ರಧಾನಮಂತ್ರಿಗಳು ಲಂಡನ್ನಿಗೆ ಹೋದಾಗ ಈ ಸಾರೋಟು, ಈ ತೋಪು ಏಕೆ ಕಾಣುವುದಿಲ್ಲ? ಇನ್ನೊಂದು ಸಂಶಯವೂ ಇದೆ. ಇಷ್ಟು ಅದ್ದೂರಿಯಾಗಿ ಉಪಚರಿಸಿದ್ದರಿಂದ ಎರಡು ದೇಶಗಳ ನಡುವೆ ಏನಾದರೂ ಬದಲಾದದ್ದಕ್ಕೆ ಇತಿಹಾಸದಲ್ಲಿ ಉದಾಹರಣೆಗಳಿವೆಯೇ, ಅಥವಾ ಇದು ಬರೀ ಮೆರವಣಿಗೆಯೇ? ತಿಳಿದವರು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

ಮೊದಲ ಉತ್ತರ

ನಿಮ್ಮ ಎರಡನೆಯ ಪ್ರಶ್ನೆ ಸುಲಭವಾದದ್ದರಿಂದ ಅದನ್ನು ಮೊದಲು ಮುಗಿಸುತ್ತೇನೆ. ‘ಸ್ಟೇಟ್ ವಿಸಿಟ್’ ಎಂಬುದು ಒಂದು ರಾಷ್ಟ್ರದ ಮುಖ್ಯಸ್ಥರು ಇನ್ನೊಂದು ರಾಷ್ಟ್ರದ ಮುಖ್ಯಸ್ಥರ ಮನೆಗೆ ಬರುವ ಭೇಟಿ. ಬ್ರಿಟನ್ನಿನ ರಾಜನಿಗೆ ಸರಿಸಮಾನರು ನಮ್ಮಲ್ಲಿ ರಾಷ್ಟ್ರಪತಿಗಳೇ ಹೊರತು ಪ್ರಧಾನಿಗಳಲ್ಲ. 1963ರಲ್ಲಿ ರಾಧಾಕೃಷ್ಣನ್ ಅವರಿಗೆ, 1990ರಲ್ಲಿ ವೆಂಕಟರಾಮನ್ ಅವರಿಗೆ, 2009ರಲ್ಲಿ ಪ್ರತಿಭಾ ಪಾಟೀಲ್ ಅವರಿಗೆ ಈ ಮರ್ಯಾದೆ ಸಂದಿತ್ತು. ನರೇಂದ್ರ ಮೋದಿಯವರು 2015ರಲ್ಲಿ ಹೋದಾಗ ರಾಣಿಯೊಡನೆ ಮಧ್ಯಾಹ್ನದ ಊಟವಿತ್ತು, ಸಾರೋಟು ಇರಲಿಲ್ಲ. ಅದರಲ್ಲಿ ಅವಮಾನದ ಮಾತೇನೂ ಇಲ್ಲ, ಅದು ಶಿಷ್ಟಾಚಾರದ ಲೆಕ್ಕ. ಅಮೆರಿಕದಂತಹ ದೇಶಗಳು ಈ ಗೆರೆಯನ್ನು ಅಷ್ಟು ಬಿಗಿಯಾಗಿ ಎಳೆಯುವುದಿಲ್ಲ ಎಂಬುದನ್ನೂ ಸೇರಿಸಬೇಕು.

ಇನ್ನು ಆಯ್ಕೆಯ ವಿಚಾರ. ಆಹ್ವಾನ ರಾಜನ ಹೆಸರಿನಲ್ಲಿ ಹೋಗುತ್ತದೆ, ತೀರ್ಮಾನ ಸರ್ಕಾರದ್ದು. ವಿದೇಶಾಂಗ ಇಲಾಖೆಯು ಯಾವ ದೇಶದೊಡನೆ ವ್ಯಾಪಾರ ಕುದುರಬೇಕು, ಯಾವ ಮುನಿಸು ತೀರಬೇಕು ಎಂದು ಅಳೆದು ತೂಗಿ ಹೆಸರುಗಳನ್ನು ಸೂಚಿಸುತ್ತದೆ. ಸಾಮಾನ್ಯವಾಗಿ ವರ್ಷಕ್ಕೆ ಎರಡೇ ಅವಕಾಶಗಳು ಇರುವುದರಿಂದ ಅವುಗಳಿಗೆ ಬೆಲೆ ಹೆಚ್ಚು. ಎರಡನೆಯ ಎಲಿಜಬೆತ್ ತಮ್ಮ ಎಪ್ಪತ್ತು ವರ್ಷಗಳ ಆಳ್ವಿಕೆಯಲ್ಲಿ ಇಂತಹ 112 ಭೇಟಿಗಳಿಗೆ ಆತಿಥೇಯರಾಗಿದ್ದರು. ಅವರಲ್ಲಿ ಎಷ್ಟು ಮಂದಿಯನ್ನು ಸ್ವಂತ ಇಚ್ಛೆಯಿಂದ ಕರೆಯುತ್ತಿದ್ದರು ಎಂಬುದು ಕೇಳಬಾರದ ಪ್ರಶ್ನೆ.

ಕೇಳಿಯೇ ತೀರುತ್ತೇನೆಂದರೆ 1978ರ ರುಮೇನಿಯಾದ ಸರ್ವಾಧಿಕಾರಿ ಚೌಷೆಸ್ಕುವಿನ ಭೇಟಿಯನ್ನು ನೋಡಬೇಕು. ಬ್ರಿಟಿಷ್ ವಿಮಾನಗಳನ್ನು ರುಮೇನಿಯಾದಲ್ಲಿ ತಯಾರಿಸುವ ಒಪ್ಪಂದ ಸರ್ಕಾರಕ್ಕೆ ಬೇಕಾಗಿತ್ತು, ಆದ್ದರಿಂದ ದಂಪತಿಗಳಿಗೆ ಬಕಿಂಗ್‌ಹ್ಯಾಮ್ ಅರಮನೆಯಲ್ಲೇ ಬಿಡಾರ. ಅರಮನೆಯ ತೋಟದಲ್ಲಿ ಆ ಅತಿಥಿಗಳು ಎದುರಾಗುತ್ತಿದ್ದುದನ್ನು ಕಂಡು ರಾಣಿ ಪೊದೆಯ ಮರೆಗೆ ಸರಿದರೆಂಬ ಕಥೆ ಬ್ರಿಟನ್ನಿನಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಕಥೆಯಲ್ಲಿ ಉಪ್ಪುಕಾರ ಎಷ್ಟಿದ್ದರೂ ಅದು ಮುಟ್ಟಿಸುವ ಸಂಗತಿ ಸರಿಯಾದದ್ದೇ: ಪೊದೆಯ ಹಿಂದೆ ಅಡಗಬಹುದು, ಊಟದ ಮೇಜಿನಿಂದ ಏಳುವಂತಿಲ್ಲ. ಆಗ ಕೊಟ್ಟ ಗೌರವ ‘ನೈಟ್’ ಬಿರುದನ್ನು 1989ರ ಡಿಸೆಂಬರಿನಲ್ಲಿ, ಅವನ ಆಡಳಿತ ಕುಸಿಯುತ್ತಿದ್ದಾಗ, ಹಿಂತೆಗೆದುಕೊಳ್ಳಲಾಯಿತು. 1994ರಲ್ಲಿ ಜಿಂಬಾಬ್ವೆಯ ಮುಗಾಬೆಗೆ ಕೊಟ್ಟದ್ದನ್ನು 2008ರಲ್ಲಿ ಹಿಂಪಡೆದರು. ಬಡಿಸಿದ ಊಟವನ್ನಂತೂ ಹಿಂಪಡೆಯಲಾಗದು.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದಕ್ಕೆ ನನ್ನ ಒಪ್ಪಿಗೆಯಿದೆ. ನಾನು ‘ಬರೀ ಮೆರವಣಿಗೆ’ ಎಂಬ ಪದವನ್ನು ಮಾತ್ರ ಹಿಡಿದುಕೊಳ್ಳುತ್ತೇನೆ, ಏಕೆಂದರೆ ಈ ಏರ್ಪಾಡುಗಳ ಒಳಕೆಲಸ ನನಗೆ ಬಹುಕಾಲದ ಕುತೂಹಲ.

ಕುಶಾಲುತೋಪಿನಿಂದಲೇ ಆರಂಭಿಸೋಣ. ರಾಜಗೌರವದ ಮೂಲ ಲೆಕ್ಕ 21. ಲಂಡನ್ನಿನ ಹೈಡ್ ಪಾರ್ಕ್ ಅಥವಾ ಗ್ರೀನ್ ಪಾರ್ಕಿನಲ್ಲಿ ಹಾರಿಸಿದರೆ ಅವು ರಾಜೋದ್ಯಾನಗಳಾದ್ದರಿಂದ ಇನ್ನೂ 20 ಸೇರಿ 41 ಆಗುತ್ತದೆ. ಲಂಡನ್ ಗೋಪುರದಲ್ಲಾದರೆ ಅದು ರಾಜನ ಕೋಟೆಯೆಂದು 20, ಲಂಡನ್ ನಗರದ ಪರವಾಗಿ ಮತ್ತೆ 21 ಸೇರಿ ಒಟ್ಟು 62. ಅತಿಥಿ ದೊಡ್ಡ ದೇಶದವರೆಂದು ಒಂದು ತೋಪು ಹೆಚ್ಚಿಲ್ಲ, ಪುಟ್ಟ ದೇಶದವರೆಂದು ಒಂದು ಕಡಿಮೆಯಿಲ್ಲ.

ಔತಣದ ವಿಷಯದಲ್ಲಂತೂ ಅಳತೆಗೋಲೇ ಬರುತ್ತದೆ. ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಕುದುರೆ ಲಾಳದ ಆಕಾರದಲ್ಲಿ ಮೇಜು ಜೋಡಿಸುತ್ತಾರೆ. ವಿಂಡ್ಸರಿನ ಸೇಂಟ್ ಜಾರ್ಜ್ ಸಭಾಂಗಣದಲ್ಲಿ ಸುಮಾರು 160 ಮಂದಿ ಕೂರುವ ಒಂದೇ ಉದ್ದನೆಯ ಮೇಜು. ಸಿದ್ಧತೆಗೆ ದಿನಗಟ್ಟಲೆ ಹಿಡಿಯುತ್ತದೆ. ಪ್ರತಿಯೊಬ್ಬರಿಗೆ ಸಿಗುವ ಜಾಗವನ್ನು ಅಳೆದು ಗುರುತಿಸುತ್ತಾರೆ, ಕುರ್ಚಿಗಳೆಲ್ಲ ಮೇಜಿನಿಂದ ಒಂದೇ ದೂರದಲ್ಲಿರಬೇಕು, ಪ್ರತಿಯೊಬ್ಬರ ಮುಂದೆ ಆರು ಗಾಜಿನ ಲೋಟಗಳು. ನಾಲ್ಕನೆಯ ಜಾರ್ಜ್‌ಗಾಗಿ ಮಾಡಿಸಿದ, 4,000ಕ್ಕೂ ಹೆಚ್ಚು ತುಣುಕುಗಳ ಚಿನ್ನದ ಲೇಪದ ಬೆಳ್ಳಿ ಪಾತ್ರೆಗಳ ಸಮೂಹದಿಂದ ಬೇಕಾದದ್ದನ್ನು ಉಜ್ಜಿ ತರುತ್ತಾರೆ. ಸಂಪ್ರದಾಯದಂತೆ ಊಟದ ಪಟ್ಟಿ ಫ್ರೆಂಚ್ ಭಾಷೆಯಲ್ಲಿರುತ್ತದೆ. ಬಕಿಂಗ್‌ಹ್ಯಾಮ್‌ನಲ್ಲಿ ಬಡಿಸುವವರನ್ನು ಮೇಜಿನ ಸುತ್ತ 19 ನೆಲೆಗಳಲ್ಲಿ ನಾಲ್ವರಂತೆ ನಿಲ್ಲಿಸಿ, ರಸ್ತೆಯ ಸಿಗ್ನಲ್ಲಿನಂತೆ ಬಣ್ಣದ ದೀಪಗಳಿಂದ ಸೂಚನೆ ಕೊಡುತ್ತಾರೆ, ಇದರಿಂದ ಯಾವ ಅತಿಥಿಯ ತಟ್ಟೆಯೂ ಪಕ್ಕದವರಿಗಿಂತ ಮೊದಲು ಬರುವುದಿಲ್ಲ. ಊಟ ಮುಗಿಯುವಾಗ ಬ್ಯಾಗ್‌ಪೈಪ್ ವಾದಕರು ನುಡಿಸುತ್ತ ಸಭಾಂಗಣವನ್ನು ಸುತ್ತಿ ಹೋಗುತ್ತಾರೆ.

ಇಷ್ಟೊಂದು ಕಟ್ಟುನಿಟ್ಟು ಏಕೆಂದರೆ, ಎಲ್ಲರಿಗೂ ಒಂದೇ ಕ್ರಮವಿದ್ದಾಗ ಮಾತ್ರ ಅದರಿಂದ ಕೂದಲೆಳೆಯಷ್ಟು ಸರಿದದ್ದೂ ಎದ್ದು ಕಾಣುತ್ತದೆ. ಟ್ರಂಪ್ ಅವರಿಗೆ 2019ರಲ್ಲಿ ಒಮ್ಮೆ ಈ ಮರ್ಯಾದೆ ಆಗಿತ್ತು. ಅಮೆರಿಕದ ಅಧ್ಯಕ್ಷರು ಎರಡನೆಯ ಅವಧಿಯಲ್ಲಿ ಬಂದರೆ ಚಹಾ ಅಥವಾ ಊಟಕ್ಕೆ ಕರೆದು ಕಳಿಸುವುದು ವಾಡಿಕೆ. ಅದನ್ನು ಮುರಿದು ಮತ್ತೆ ಪೂರ್ಣ ಮರ್ಯಾದೆ ಕೊಟ್ಟದ್ದೇ 2025ರ ಸಂದೇಶ, ಸಾರೋಟು ಅಲ್ಲ. ಇದೇ ಭೇಟಿಯ ಮೆರವಣಿಗೆ ಲಂಡನ್ನಿನ ಬೀದಿಯಲ್ಲಿ ಸಾಗದೆ ಕೋಟೆಯ ಆವರಣದೊಳಗೇ ನಡೆಯಿತು. ಬಕಿಂಗ್‌ಹ್ಯಾಮ್ ಅರಮನೆಯ ದುರಸ್ತಿ ಅದಕ್ಕೆ ಹೇಳಿದ ಕಾರಣ. ಜುಲೈನಲ್ಲಿ ಫ್ರಾನ್ಸಿನ ಮ್ಯಾಕ್ರಾನ್ ಕೂಡ ವಿಂಡ್ಸರಿಗೇ ಬಂದಿದ್ದರು, ಆದರೆ ಅವರ ಸಾರೋಟು ವಿಂಡ್ಸರ್ ಪಟ್ಟಣದ ಜನರ ನಡುವೆ ಹಾದುಹೋಗಿತ್ತು ಎಂಬುದನ್ನು ಗಮನಿಸಿದವರು ಗಮನಿಸಿದರು.

ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2011ರ ಮೇ ತಿಂಗಳ ಔತಣವೇ ಸಾಕ್ಷಿ. ಬರಾಕ್ ಒಬಾಮ ಅವರು ‘ರಾಣಿಗೆ’ ಎಂದು ಪಾನಪಾತ್ರೆ ಎತ್ತಿ ಮಾತು ಮುಂದುವರಿಸಿದರು. ಆ ಪದ ಕಿವಿಗೆ ಬಿದ್ದೊಡನೆ ವಾದ್ಯಮೇಳ ರಾಷ್ಟ್ರಗೀತೆಯನ್ನು ಎತ್ತಿಕೊಂಡಿತು. ಗೀತೆಯ ಮೇಲೆಯೇ ಅಧ್ಯಕ್ಷರ ಮಾತು ಸಾಗಿತು, ರಾಣಿ ಮುಂದೆ ನೋಡುತ್ತ ಕದಲದೆ ನಿಂತರು. ಯಾರೂ ಸಿಟ್ಟಾಗಲಿಲ್ಲ. ಆದರೂ ಆ ಭೇಟಿಯ ಬಗ್ಗೆ ಇಂದು ಅನೇಕರಿಗೆ ನೆನಪಿರುವುದು ಅದೊಂದೇ.

ಮೂರನೆಯ ಉತ್ತರ

ಫಲ ದೊರೆತ ಭೇಟಿಗೆ ಎಲ್ಲರೂ ಕೊಡುವ ಉದಾಹರಣೆ 1903ರದ್ದು. ಬ್ರಿಟನ್ನಿನ ರಾಜ ಏಳನೆಯ ಎಡ್ವರ್ಡ್ ಮೇ ತಿಂಗಳಲ್ಲಿ ಪ್ಯಾರಿಸ್ಸಿಗೆ ಹೋದಾಗ, ದಕ್ಷಿಣ ಆಫ್ರಿಕಾದಲ್ಲಿ ಡಚ್ ಮೂಲದ ಬೋಯರರ ವಿರುದ್ಧ ಬ್ರಿಟನ್ ನಡೆಸಿದ ಯುದ್ಧದ ಸಿಟ್ಟಿನಿಂದ ಜನ ಬೋಯರರಿಗೆ ಜಯಕಾರ ಕೂಗಿದರು. ಕೆಲವೇ ದಿನಗಳಲ್ಲಿ, ರಾಜನ ಸರಸ ನಡೆನುಡಿಯಿಂದ, ಅದೇ ಬೀದಿಗಳಲ್ಲಿ ರಾಜನಿಗೇ ಜಯಕಾರ ಕೇಳಿತು. ಜುಲೈನಲ್ಲಿ ಫ್ರಾನ್ಸಿನ ಅಧ್ಯಕ್ಷ ಲೂಬೆ ಲಂಡನ್ನಿಗೆ ಮರುಭೇಟಿ ಕೊಟ್ಟರು, 1904ರ ಏಪ್ರಿಲ್ 8ರಂದು ಎರಡು ದೇಶಗಳ ನಡುವಿನ ಸ್ನೇಹದ ಒಪ್ಪಂದಕ್ಕೆ ಸಹಿ ಬಿತ್ತು. ಆದರೆ ರಾಜನೇ ಒಪ್ಪಂದ ಮಾಡಿದನೆಂದು ಬರೆಯುವವರನ್ನು ನಾನು ಒಪ್ಪುವುದಿಲ್ಲ. ಈಜಿಪ್ಟ್ ಮತ್ತು ಮೊರಾಕ್ಕೋಗಳ ಕಗ್ಗಂಟನ್ನು ತಿಂಗಳುಗಟ್ಟಲೆ ಕೂತು ಬಿಡಿಸಿದವರು ಸಚಿವರು ಮತ್ತು ರಾಯಭಾರಿಗಳು. ರಾಜ ನೆಲ ಹದ ಮಾಡಿದ, ಅಷ್ಟೆ. ಹದವಿಲ್ಲದ ನೆಲದಲ್ಲಿ ಬೀಜ ಬೀಳುತ್ತಿರಲಿಲ್ಲ ಎಂಬುದೂ ನಿಜ.

ನನ್ನ ಮಟ್ಟಿಗೆ ಹೆಚ್ಚು ತೂಕದ ಉದಾಹರಣೆ 2011ರ ಐರ್ಲೆಂಡ್. 1911ರಲ್ಲಿ ಐದನೆಯ ಜಾರ್ಜ್ ಹೋಗಿಬಂದ ಮೇಲೆ, ನೂರು ವರ್ಷ ಡಬ್ಲಿನ್ನಿಗೆ ಯಾವ ಬ್ರಿಟಿಷ್ ದೊರೆಯೂ ಕಾಲಿಟ್ಟಿರಲಿಲ್ಲ. ಎಲಿಜಬೆತ್ ಅವರು ಬಂದದ್ದೇ, ಬ್ರಿಟಿಷರ ವಿರುದ್ಧ ಹೋರಾಡಿ ಮಡಿದ ಐರಿಷ್ ಸ್ವಾತಂತ್ರ್ಯಯೋಧರ ಸ್ಮಾರಕ ಉದ್ಯಾನದಲ್ಲಿ ಪುಷ್ಪಚಕ್ರವಿಟ್ಟು ತಲೆಬಾಗಿದರು. 1920ರಲ್ಲಿ ಬ್ರಿಟಿಷ್ ಪಡೆಗಳು 14 ಜನರನ್ನು ಕೊಂದ ಕ್ರೋಕ್ ಪಾರ್ಕ್ ಮೈದಾನಕ್ಕೆ ಹೋದರು. ಡಬ್ಲಿನ್ ಕೋಟೆಯ ಔತಣದಲ್ಲಿ ಮೊದಲ ಮಾತನ್ನು ಐರಿಷ್ ಭಾಷೆಯಲ್ಲಿ ಆಡಿದರು. ಬರೀ ಐದು ಪದಗಳು, ‘ಅಧ್ಯಕ್ಷರೇ ಮತ್ತು ಸ್ನೇಹಿತರೇ’ ಎಂಬಷ್ಟೇ ಅರ್ಥ. ಪಕ್ಕದಲ್ಲಿದ್ದ ಅಧ್ಯಕ್ಷೆ ಮೇರಿ ಮ್ಯಾಕಲೀಸ್ ಅಚ್ಚರಿಯಿಂದ ಉದ್ಗರಿಸಿದ್ದು ಕ್ಯಾಮೆರಾದಲ್ಲಿ ಸೆರೆಯಾಗಿದೆ. ರಾಣಿಯ ಬಂಧು ಮೌಂಟ್‌ಬ್ಯಾಟನ್ ಅವರನ್ನು 1979ರಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಐರಿಷ್ ಸಶಸ್ತ್ರ ಸಂಘಟನೆ ಐ.ಆರ್.ಎ. ಕೊಂದಿತ್ತು ಎಂಬುದನ್ನು ಮರೆಯದೆ ಈ ದೃಶ್ಯವನ್ನು ನೋಡಬೇಕು. 2014ರಲ್ಲಿ ಅಧ್ಯಕ್ಷ ಹಿಗ್ಗಿನ್ಸ್ ವಿಂಡ್ಸರಿಗೆ ಬಂದಾಗ, ಒಂದು ಕಾಲದಲ್ಲಿ ಐ.ಆರ್.ಎ.ಯ ಮುಂದಾಳಾಗಿದ್ದ ಮಾರ್ಟಿನ್ ಮೆಕ್‌ಗಿನ್ನೆಸ್ ರಾಣಿಯ ಔತಣದ ಮೇಜಿನಲ್ಲಿ ಕುಳಿತಿದ್ದರು.

ಉಪಚಾರ ನಾಟದ ಕಡೆಯೂ ಇದೆ. ಜಪಾನಿನ ಚಕ್ರವರ್ತಿ ಹಿರೊಹಿಟೊಗೆ 1929ರಲ್ಲಿ ಕೊಟ್ಟಿದ್ದ, ಬ್ರಿಟನ್ನಿನ ಅತಿ ಹಿರಿಯ ಬಿರುದುಗಳಲ್ಲೊಂದಾದ ‘ಗಾರ್ಟರ್’ ಗೌರವವನ್ನು 1941ರಲ್ಲಿ ಕಿತ್ತುಕೊಂಡು, 1971ರ ಭೇಟಿಯ ವೇಳೆ ಮರಳಿ ಕೊಟ್ಟರು. ಆದರೆ ಅವರು ಕ್ಯೂ ಸಸ್ಯೋದ್ಯಾನದಲ್ಲಿ ನೆಟ್ಟ ಗಿಡವನ್ನು ಯಾರೋ ಕಡಿದು ಹಾಕಿದರು. 1998ರಲ್ಲಿ ಮಗ ಅಕಿಹಿಟೊ ಬಂದಾಗ, ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಯುದ್ಧಕೈದಿಗಳಾಗಿ ನರಳಿದ್ದ ವೃದ್ಧ ಸೈನಿಕರು ಸಾರೋಟಿಗೆ ಬೆನ್ನು ತಿರುಗಿಸಿ ನಿಂತರು. ಅರಮನೆ ಕ್ಷಮಿಸಿದ್ದನ್ನು ಬೀದಿಯೂ ಕ್ಷಮಿಸಬೇಕೆಂದೇನೂ ಇಲ್ಲವಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಕೊನೆಯ ಉತ್ತರದಿಂದ ಇನ್ನೊಂದು ಸಂಶಯ ಹುಟ್ಟಿತು. ತಲೆಬಾಗುವುದು, ಪುಷ್ಪಚಕ್ರ ಇಡುವುದು ಇವೆಲ್ಲ ಸರಿ. ‘ತಪ್ಪಾಯಿತು, ಕ್ಷಮಿಸಿ’ ಎಂದು ರಾಜರು ಏಕೆ ಬಾಯಿಬಿಟ್ಟು ಹೇಳುವುದಿಲ್ಲ?

ನಾಲ್ಕನೆಯ ಉತ್ತರ

ಹೇಳಿದವರಿದ್ದಾರೆ. 2020ರ ಮಾರ್ಚ್ 10ರಂದು ನೆದರ್ಲೆಂಡ್ಸಿನ ರಾಜ ವಿಲ್ಲೆಮ್ ಅಲೆಕ್ಸಾಂಡರ್ ಇಂಡೋನೇಷ್ಯಾದ ಬೋಗೋರ್ ಅರಮನೆಯಲ್ಲಿ, 1945ರ ನಂತರದ ವರ್ಷಗಳಲ್ಲಿ ಡಚ್ಚರು ನಡೆಸಿದ ಮಿತಿಮೀರಿದ ಹಿಂಸೆಗಾಗಿ ಕ್ಷಮೆ ಕೇಳಿದರು. ಅದೇ ಭೇಟಿಯ ಸಂದರ್ಭದಲ್ಲಿ ಡಚ್ಚರ ವಿರುದ್ಧ ಬಂಡೆದ್ದಿದ್ದ ಜಾವಾದ ರಾಜಕುಮಾರ ದಿಪೊನೆಗೊರೊನ ಕಠಾರಿಯೂ ತಾಯ್ನಾಡಿಗೆ ಮರಳಿತು. ಆದರೆ ಅದು ರಾಜನೊಬ್ಬನ ಮನಸ್ಸಿನ ಮಾತೆಂದು ತಿಳಿಯಬಾರದು. ಆ ದೇಶದ ಸಂವಿಧಾನದಂತೆ ರಾಜನ ಮಾತಿಗೆ ಸಚಿವರೇ ಹೊಣೆ, ಹಾಗಾಗಿ ಅವರು ಒಪ್ಪದ ಮಾತು ಅಂತಹ ವೇದಿಕೆಯಲ್ಲಿ ಹೊರಬೀಳುವುದಿಲ್ಲ.

ಬ್ರಿಟನ್ನಿನಲ್ಲೂ ಕಟ್ಟಳೆ ಅದೇ, ಫಲ ಬೇರೆ. 2023ರ ಅಕ್ಟೋಬರ್ ಕೊನೆಯಲ್ಲಿ ಕೀನ್ಯಾದ ಔತಣದಲ್ಲಿ ಚಾರ್ಲ್ಸ್ ಅವರು ವಸಾಹತುಕಾಲದ ಹೇಯ ಹಿಂಸೆಗೆ ಯಾವ ಸಮರ್ಥನೆಯೂ ಇಲ್ಲ ಎಂಬವರೆಗೆ ಬಂದು ನಿಂತರು, ಕ್ಷಮೆ ಎಂಬ ಪದಕ್ಕೆ ಹೋಗಲಿಲ್ಲ. ಹತ್ತು ವರ್ಷ ಮೊದಲು, 2013ರಲ್ಲಿ, ಕೀನ್ಯಾದಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ ಮೌ ಮೌ ಬಂಡಾಯದ ಕಾಲದಲ್ಲಿ ಚಿತ್ರಹಿಂಸೆಗೆ ಒಳಗಾದ 5,228 ಮಂದಿಯ ದಾವೆಯನ್ನು ಬ್ರಿಟಿಷ್ ಸರ್ಕಾರ 1.99 ಕೋಟಿ ಪೌಂಡುಗಳಿಗೆ ಇತ್ಯರ್ಥ ಮಾಡಿಕೊಂಡಾಗಲೂ ವಿಷಾದವನ್ನಷ್ಟೇ ವ್ಯಕ್ತಪಡಿಸಿತ್ತು. ‘ಕ್ಷಮೆ’ ಎಂದರೆ ಅದರ ಹಿಂದೆಯೇ ಪರಿಹಾರದ ಲೆಕ್ಕ ಬಂದು ನಿಲ್ಲುತ್ತದೆ ಎಂಬ ಅಂಜಿಕೆ ಇದರಲ್ಲಿ ಎದ್ದು ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ.

ಬೆಲ್ಜಿಯಂನ ರಾಜ ಫಿಲಿಪ್ 2022ರ ಜೂನ್‌ನಲ್ಲಿ ತಮ್ಮ ದೇಶದ ಹಿಂದಿನ ವಸಾಹತಾದ ಕಾಂಗೋಗೆ ಹೋದಾಗಲೂ ಆಳವಾದ ವಿಷಾದವೇ, ಕ್ಷಮೆಯಲ್ಲ. ಆ ಭೇಟಿಯಲ್ಲಿ ಅವರು ಕಿನ್ಶಾಸಾದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕಾಂಗೋದ್ದೇ ಆದ ಒಂದು ದೊಡ್ಡ ಸಾಂಪ್ರದಾಯಿಕ ಮುಖವಾಡವನ್ನು ತಂದು ಒಪ್ಪಿಸಿದರು. ದೃಶ್ಯ ಮನಮುಟ್ಟುವಂತಿತ್ತು. ಆದರೆ ಕಾಗದಪತ್ರದಲ್ಲಿ ಅದನ್ನು ‘ಮರಳಿಸಲಾಗಿದೆ’ ಎಂದು ಬರೆದಿರಲಿಲ್ಲ, ‘ಅನಿರ್ದಿಷ್ಟ ಅವಧಿಗೆ ಎರವಲು’ ಎಂದು ಬರೆದಿತ್ತು.