ಬೆಂಗಳೂರಿಗೆ ಹೋದ ಮಕ್ಕಳ ಆರೋಗ್ಯ: ಭಾನುವಾರ ಸಂಜೆ ಡಾಕ್ಟರ್ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಕೆಲಸಕ್ಕೆ, ಓದಲು ಅಂತ ಒಬ್ಬೊಬ್ಬರೇ ಬೆಂಗಳೂರಿಗೆ ಹೋದ ಮಕ್ಕಳೂ ಅವರ ಅಪ್ಪ ಅಮ್ಮಂದಿರೂ ಈ ಗುಂಪಿನಲ್ಲಿದ್ದಾರೆ. ಡಾಕ್ಟರ್ ಮೇಡಂ 6 ಗಂಟೆಯಿಂದ ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಮಾತ್ರ ಹಾಕಬೇಡಿ.

ವಿದ್ಯಾನಗರ, ಈಗ ಬಿಟಿಎಂ ಲೇಔಟ್: ಮೇಡಂ, ಪಿಜಿ ಊಟಕ್ಕೆ ಎದೆಯುರಿ. ಮೆಡಿಕಲ್‌ನವರು ಗ್ಯಾಸ್ ಮಾತ್ರೆ ಕೊಟ್ಟರು. ಮೂರು ತಿಂಗಳಿಂದ ದಿನಾ ತಗೊಳ್ತಿದ್ದೀನಿ. ಬಿಟ್ಟರೆ ಮತ್ತೆ ಶುರು.

ಡಾಕ್ಟರ್: ಮೂರು ತಿಂಗಳು ಯಾರನ್ನೂ ಕೇಳದೆ ನುಂಗುವ ಮಾತ್ರೆ ಅಲ್ಲ ಅದು. ಒಮ್ಮೆಲೇ ಬಿಟ್ಟರೆ ಕೆಲವು ದಿನ ಆಸಿಡ್ ಜಾಸ್ತಿಯಾಗುವುದುಂಟು. ಹಾಗಂತ ಜೀವನಪೂರ್ತಿ ಬೇಕು ಅಂತ ಅರ್ಥ ಅಲ್ಲ. ರಾತ್ರಿ ಊಟಕ್ಕೂ ಮಲಗುವುದಕ್ಕೂ ಎರಡು ಮೂರು ಗಂಟೆ ಅಂತರ ಇರಲಿ. ಖಾಲಿ ಹೊಟ್ಟೆಗೆ ಟೀ ಬೇಡ. ಊಟ ನುಂಗಲು ಕಷ್ಟ, ತೂಕ ಇಳಿಯುತ್ತಿದೆ, ಮಲ ಕಪ್ಪಗೆ ಹೋಗುತ್ತಿದೆ, ಇದರಲ್ಲಿ ಒಂದಿದ್ದರೂ ಈ ವಾರವೇ ತೋರಿಸು.

ಹೊನ್ನಾಳಿ, ಈಗ ಯಶವಂತಪುರ: ಬೋರ್‌ವೆಲ್ ನೀರಿಗೆ ಕೂದಲು ಕಂತೆ ಕಂತೆ ಉದುರುತ್ತಿದೆ. ಶವರ್ ಫಿಲ್ಟರ್ ಹಾಕಿಸಲಾ?

ಡಾಕ್ಟರ್: ಗಡಸು ನೀರು ಕೂದಲನ್ನು ಒರಟು ಮಾಡುತ್ತೆ. ಬುಡದಿಂದ ಉದುರುವುದಕ್ಕೆ ಕಾರಣ ಬೇರೆ ಇರುತ್ತೆ. ಜ್ವರ, ಊಟ ಬಿಡುವುದು, ನಿದ್ದೆ ಕೆಡುವುದು, ದೊಡ್ಡ ಚಿಂತೆ, ಇವು ಆಗಿ ಎರಡು ಮೂರು ತಿಂಗಳಿಗೆ ಕೂದಲು ಉದುರುತ್ತೆ. ಬಹಳ ಮಂದಿಗೆ ತಾನಾಗಿ ನಿಲ್ಲುತ್ತೆ. ಹಿಮೋಗ್ಲೋಬಿನ್, ಥೈರಾಯ್ಡ್ ಒಮ್ಮೆ ನೋಡಿಸು. ಫಿಲ್ಟರ್ ದುಡ್ಡಲ್ಲಿ ಮೊಟ್ಟೆ, ಕಾಳು ತಿನ್ನು.

ಕೆಟಿಜೆ ನಗರ, ಈಗ ಮಾರತ್ತಹಳ್ಳಿ: ನೈಟ್ ಶಿಫ್ಟ್ ಮೇಡಂ. ಹಗಲು ನಿದ್ದೆಯೇ ಬರಲ್ಲ. ಪಕ್ಕದಲ್ಲೇ ಬಿಲ್ಡಿಂಗ್ ಕೆಲಸ. ಮಾತ್ರೆ ತಗೋಬಹುದಾ?

ನಿಟ್ಟುವಳ್ಳಿ, ಈಗ ರಾಜಾಜಿನಗರ: ಮೇಡಂ, ನನಗೆ ತಿಂಗಳಿಂದ ಬೆಳಗ್ಗೆ ತಲೆನೋವು. ಎದ್ದಾಗ ಇರಲ್ಲ, ಆಫೀಸಿಗೆ ರೆಡಿಯಾಗುವಷ್ಟರಲ್ಲಿ ಹಣೆ ಹಿಂಡಿದ ಹಾಗೆ ಆಗುತ್ತೆ. ವಾಂತಿ ಬಂದಂತೆ ಆಗುತ್ತೆ. ಬಸ್ ಹತ್ತಿ ಗಾಳಿ ತಾಗಿದರೆ ಕಮ್ಮಿ. ಮೈಗ್ರೇನ್ ಅಂತ ಮಾತ್ರೆ ಕೊಟ್ಟಿದ್ದಾರೆ, ಏನೂ ಆಗಿಲ್ಲ. ಕಣ್ಣೂ ತೋರಿಸಿದೆ, ನಂಬರ್ ಇಲ್ಲ. ಹೋದ ಶನಿವಾರ ಬಾತ್‌ರೂಮಿನಿಂದ ಹೊರಗೆ ಬರುತ್ತಾ ಮೊಣಕಾಲು ಸಡಿಲವಾಗಿ ಅಲ್ಲೇ ಕೂತುಬಿಟ್ಟೆ.

ಎಂಸಿಸಿ ಬಿ ಬ್ಲಾಕ್: ದೃಷ್ಟಿ ಆಗಿರುತ್ತಮ್ಮ. ಅಮ್ಮನಿಗೆ ಹೇಳಿ ನಿವಾಳಿಸಿಕೋ. ತಿಂಡಿ ತಿನ್ನದೆ ಓಡ್ತೀರಲ್ಲ, ಅದಕ್ಕೂ ಆಗುತ್ತೆ.

ಹರಿಹರದ ತಾಯಿ: ಲೋ ಬಿಪಿ ಇರಬೇಕು. ಉಪ್ಪು ಹಾಕಿ ನಿಂಬೆ ಶರಬತ್ತು ಕುಡಿ ಮಗಳೇ.

ಡಾಕ್ಟರ್: ಒಂದು ನಿಮಿಷ, ಎಲ್ಲರೂ ಸುಮ್ನಿರಿ. ನಿಟ್ಟುವಳ್ಳಿ ಹುಡುಗಿ, ಇದಕ್ಕೆ ಉತ್ತರ ಕೊಡಮ್ಮ. ತಲೆನೋವು ಸ್ನಾನಕ್ಕೆ ಮುಂಚೆಯೋ ಆಮೇಲೋ? ಗೀಸರ್ ಕರೆಂಟಿನದೋ ಗ್ಯಾಸಿನದೋ, ಎಲ್ಲಿದೆ? ಬಾತ್‌ರೂಮಿಗೆ ಕಿಟಕಿ ಇದೆಯಾ? ಜೊತೆಯಲ್ಲಿ ಯಾರಿದ್ದಾರೆ, ಅವರಿಗೂ ಹೀಗೆ ಆಗುತ್ತಾ? ಊರಿಗೆ ಬಂದಾಗ ಹೇಗಿರುತ್ತೆ?

ಜಗಳೂರು, ಈಗ ಪೀಣ್ಯ: ನನ್ನದೂ ಕೂದಲು ಉದುರುತ್ತೆ ಮೇಡಂ. ಅಲ್ಲಿ ನೀರು ತುಂಬಾ ಗಡಸು.

ಡಾಕ್ಟರ್: ಮೇಲೆ ಬರೆದಿದ್ದೇನೆ.

ನಿಟ್ಟುವಳ್ಳಿ, ಈಗ ರಾಜಾಜಿನಗರ: ನೀವು ಕೇಳಿದ ಮೇಲೆ ಹೊಳೀತು ಮೇಡಂ, ಸ್ನಾನ ಆದ ಮೇಲೇ. ಗ್ಯಾಸ್ ಗೀಸರ್, ಬಾತ್‌ರೂಮ್ ಒಳಗೇ ಗೋಡೆಗಿದೆ. ಸಿಲಿಂಡರ್ ಹೊರಗೆ. ಸಣ್ಣ ವೆಂಟಿಲೇಟರ್ ಇದೆ. ಚಳಿ ಬಂತು, ಹಲ್ಲಿನೂ ಬರ್ತಿತ್ತು, ಅದಕ್ಕೆ ರಟ್ಟು ಹಾಕಿ ಟೇಪ್ ಅಂಟಿಸಿದೆವು. ರೂಮ್‌ಮೇಟ್ ನನ್ನ ನಂತರ ಸ್ನಾನಕ್ಕೆ ಹೋಗ್ತಾಳೆ, ಅವಳಿಗೆ ನನಗಿಂತ ಜಾಸ್ತಿ, ಎರಡು ಸಲ ವಾಂತಿ ಮಾಡಿದಳು. ಪಿಜಿಯಲ್ಲಿ ತಿಂದದ್ದು ಅಂದುಕೊಂಡಿದ್ದೆವು. ಹೋದ ವಾರ ಮೂರು ದಿನ ಊರಲ್ಲಿದ್ದೆ, ಏನೂ ಇರಲಿಲ್ಲ.

ಡಾಕ್ಟರ್: ಇನ್ನು ಆ ಗೀಸರ್ ಹಚ್ಚಬೇಡ. ಮೊದಲು ಆ ರಟ್ಟು ಕಿತ್ತು ಹಾಕು, ಆಮೇಲೆ ಮಿಕ್ಕದ್ದು ಓದು.

ಮೈಗ್ರೇನ್ ಇಬ್ಬರಿಗೆ ಒಂದೇ ಬಾತ್‌ರೂಮಿನಲ್ಲಿ ಬರುವುದಿಲ್ಲ. ಊರಲ್ಲಿ ಮಾಯವಾಗಿ, ವಾಪಸ್ ಹೋದ ಕೂಡಲೇ ಹಾಜರಾಗುವುದಿಲ್ಲ. ಎರಡನೆಯವಳಿಗೆ ಜಾಸ್ತಿ ಅಂದೆಯಲ್ಲ, ನನಗೆ ಹೆದರಿಕೆ ಹುಟ್ಟಿದ್ದು ಅಲ್ಲೇ. ನೀನು ಸ್ನಾನ ಮುಗಿಸುವಷ್ಟರಲ್ಲಿ ಒಳಗಿನ ಗಾಳಿ ಕೆಟ್ಟಿರುತ್ತೆ. ಅವಳು ಬಾಗಿಲು ಹಾಕಿಕೊಂಡು ನಿಲ್ಲುವುದು ಅದೇ ಗಾಳಿಯಲ್ಲಿ.

ಗ್ಯಾಸ್ ಉರಿಯಲು ಆಮ್ಲಜನಕ ಬೇಕು. ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಬೇಗ ಕಮ್ಮಿಯಾಗುತ್ತೆ. ಆಗ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಬರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕೆಮ್ಮೂ ಬರಿಸುವುದಿಲ್ಲ. ಅಡುಗೆ ಗ್ಯಾಸ್ ಸೋರಿದರೆ ನಾತ ಬರುವುದು ಅದಕ್ಕೆ ಬೇಕಂತಲೇ ನಾತದ ವಸ್ತು ಸೇರಿಸಿರುವುದರಿಂದ. ಉರಿದ ಮೇಲೆ ಆ ಗುರುತೂ ಉಳಿಯುವುದಿಲ್ಲ. ಹಾಗಾಗಿ "ವಾಸನೆ ಬರಲಿಲ್ಲ" ಅನ್ನುವುದು ಸಮಾಧಾನದ ಮಾತೇ ಅಲ್ಲ.

ಈ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಉಸಿರಾಡುತ್ತಲೇ ಇರುತ್ತೀರಿ, ಆದರೆ ಮಿದುಳಿಗೂ ಹೃದಯಕ್ಕೂ ಆಮ್ಲಜನಕ ತಲುಪುವುದಿಲ್ಲ. ಮೊದಲು ತಲೆನೋವು, ವಾಕರಿಕೆ, ಎದೆ ಡವಡವ, ಕಾಲಲ್ಲಿ ಶಕ್ತಿ ಇಲ್ಲ. ಆಮೇಲೆ ಪ್ರಜ್ಞೆ ಹೋಗುತ್ತೆ, ಅದೂ ಒಳಗಿನಿಂದ ಚಿಲಕ ಹಾಕಿದ ಬಾಗಿಲ ಹಿಂದೆ. ನಿನಗೆ ಶನಿವಾರ ಮೊಣಕಾಲು ಸಡಿಲವಾದದ್ದು ಹೊರಗೆ ಬರುವಾಗ. ಎರಡು ನಿಮಿಷ ಮುಂಚೆ ಆಗಿದ್ದರೆ ನೀನು ಇವತ್ತು ಇಲ್ಲಿ ಪ್ರಶ್ನೆ ಕೇಳುತ್ತಿರಲಿಲ್ಲ. ಹೆದರಿಸಲು ಹೇಳುತ್ತಿಲ್ಲ. ಇಲ್ಲ, ಹೆದರಿಸಲೇ ಹೇಳುತ್ತಿದ್ದೇನೆ.

ನಾಳೆ ಇಬ್ಬರೂ ಆಸ್ಪತ್ರೆಗೆ ಹೋಗಿ. "ಮುಚ್ಚಿದ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್, ಇಬ್ಬರಿಗೂ ಲಕ್ಷಣ ಇದೆ" ಅಂತ ಮೊದಲ ಮಾತಿನಲ್ಲೇ ಹೇಳಿ. ತಲೆನೋವು ಅಂತ ಶುರು ಮಾಡಿದರೆ ಮತ್ತೆ ಮೈಗ್ರೇನ್ ಮಾತ್ರೆಯೇ ಸಿಗುತ್ತೆ. ರಾತ್ರಿಯೇ ತಲೆನೋವು ಜೋರಾದರೆ, ಎದೆನೋವು, ಮಂಪರು, ಮಾತು ತೊದಲುವುದು ಕಂಡರೆ ನಾಳೆಗೆ ಕಾಯಬೇಡಿ.

ಪಿ.ಜೆ. ಬಡಾವಣೆ: ನಮ್ಮ ಮನೆಯಲ್ಲಿ ಆಕ್ಸಿಮೀಟರ್ ಇದೆ. ಬೆರಳಿಗೆ ಹಾಕಿ ನೋಡಿದರೆ ಗೊತ್ತಾಗುತ್ತಲ್ಲ ಮೇಡಂ? 95 ಮೇಲಿದ್ದರೆ ಓಕೆ.

ಡಾಕ್ಟರ್: ಓಕೆ ಅಲ್ಲ. ಈ ವಿಷಯದಲ್ಲಿ ಆ ಯಂತ್ರವನ್ನು ನಂಬಲೇಬಾರದು. ಹಿಮೋಗ್ಲೋಬಿನ್‌ಗೆ ಅಂಟಿರುವುದು ಆಮ್ಲಜನಕವೋ ಕಾರ್ಬನ್ ಮೊನಾಕ್ಸೈಡೋ ಅಂತ ಮಾಮೂಲಿ ಆಕ್ಸಿಮೀಟರ್‌ಗೆ ಗೊತ್ತಾಗುವುದಿಲ್ಲ. 98 ತೋರಿಸುತ್ತಿರುವಾಗಲೇ ಮನುಷ್ಯ ಬೀಳಬಹುದು. ಇದಕ್ಕೆ ಕಾರ್ಬಾಕ್ಸಿಹಿಮೋಗ್ಲೋಬಿನ್ ಅಂತ ಬೇರೆ ರಕ್ತಪರೀಕ್ಷೆ ಇದೆ.

ಎಂಸಿಸಿ ಬಿ ಬ್ಲಾಕ್: ಫಾರ್ವರ್ಡ್ ಆಗಿ ಬಂದಿದೆ, ಒಳ್ಳೆಯದಕ್ಕೆ ಹಾಕುತ್ತಿದ್ದೇನೆ. "ಕರ್ಪೂರ, ಓಂಕಾಳು, ಲವಂಗ ಬಟ್ಟೆಯಲ್ಲಿ ಗಂಟು ಕಟ್ಟಿ ಮೂಸುತ್ತಿದ್ದರೆ ರಕ್ತದಲ್ಲಿ ಆಕ್ಸಿಜನ್ ಏರುತ್ತದೆ. ಬಾತ್‌ರೂಮಿನಲ್ಲಿ ಸ್ನೇಕ್ ಪ್ಲಾಂಟ್ ಇಟ್ಟರೆ ವಿಷಗಾಳಿ ಹೀರುತ್ತದೆ."

ಡಾಕ್ಟರ್: ಸರ್, ಆ ಗಂಟಿನಿಂದ ಆಕ್ಸಿಜನ್ ಏರುವುದಿಲ್ಲ. ಕೋವಿಡ್ ಕಾಲದಿಂದ ಇದನ್ನೇ ಹೇಳಿ ನನಗೆ ಸಾಕಾಗಿದೆ. ಕರ್ಪೂರ ಮಕ್ಕಳ ಬಾಯಿಗೆ ಹೋದರೆ ಫಿಟ್ಸ್ ಬರುತ್ತೆ, ಅದನ್ನೂ ಸೇರಿಸಿ ಫಾರ್ವರ್ಡ್ ಮಾಡಿ. ಗಿಡ ಬೇಕಾದರೆ ಅಂದಕ್ಕೆ ಇಡಿ. ಉರಿಯುವ ಗೀಸರ್ ಎದುರಿಗೆ ಅದು ಏನೂ ಮಾಡುವುದಿಲ್ಲ. ವಿಷಗಾಳಿಗೆ ಮದ್ದು ಹೊರಗಿನ ಗಾಳಿ ಮತ್ತು ಆಸ್ಪತ್ರೆಯ ಆಮ್ಲಜನಕ, ಎರಡೇ.

ಎಂಸಿಸಿ ಬಿ ಬ್ಲಾಕ್: ನಮ್ಮ ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಎಷ್ಟೋ ವರ್ಷದಿಂದ ಗ್ಯಾಸ್ ಗೀಸರ್ ಇದೆ. ಯಾರೂ ಸತ್ತಿಲ್ಲ. ಸುಮ್ನೆ ಮಕ್ಕಳನ್ನು ಹೆದರಿಸಬೇಡಿ.

ವಿದ್ಯಾನಗರ, ಈಗ ಬಿಟಿಎಂ ಲೇಔಟ್: ಓಹ್, ಅಂಕಲ್ ಓನರ್ರು! 10 ತಿಂಗಳ ಅಡ್ವಾನ್ಸ್ ತಗೊಂಡು ಕರೆಂಟ್ ಗೀಸರ್ ಹಾಕಿಸೋಕೆ ಆಗಲ್ವಾ?

ಎಂಸಿಸಿ ಬಿ ಬ್ಲಾಕ್: ಬಿಲ್ ನಿಮ್ಮಪ್ಪ ಕಟ್ತಾರಾ? ಮರ್ಯಾದೆಯಿಂದ ಮಾತಾಡು. ವೆಂಟಿಲೇಟರ್‌ಗೆ ರಟ್ಟು ಹಾಕಿದ್ದು ಓನರ್ ಅಲ್ಲ.

ಹೊನ್ನಾಳಿ, ಈಗ ಯಶವಂತಪುರ: 2000 ವ್ಯಾಟಿನ ಗೀಸರ್ ಕಾಲು ಗಂಟೆ ಹಾಕಿದರೆ ಅರ್ಧ ಯೂನಿಟ್ ಅಂಕಲ್. ಲೆಕ್ಕ ಮಾಡಿ. ಬಿಲ್ ಹೇಗೂ ಬಾಡಿಗೆಯವರೇ ಕಟ್ಟೋದು.

ಎಂಸಿಸಿ ಬಿ ಬ್ಲಾಕ್: ವೈರಿಂಗ್ ಖರ್ಚು? ಹಳೇ ಮನೆಗಳಲ್ಲಿ 16 ಆಂಪಿಯರ್ ಪಾಯಿಂಟ್ ಇರಲ್ಲ. ನಿಮಗೇನು ಗೊತ್ತು. ಅಷ್ಟಕ್ಕೂ ವಯಸ್ಸಿಗೆ ಬಂದ ಹೆಣ್ಣುಮಕ್ಕಳನ್ನು ಒಬ್ಬರೇ ಅಲ್ಲಿ ಬಿಟ್ಟಿರುವುದೇ ತಪ್ಪು. ಊರಲ್ಲೇ ಏನಾದರೂ ಮಾಡಬಹುದಿತ್ತು.

ನಿಟ್ಟುವಳ್ಳಿ, ಈಗ ರಾಜಾಜಿನಗರ: ಗೀಸರ್‌ಗೆ ಗಂಡು ಹೆಣ್ಣು ಅಂತ ಗೊತ್ತಾಗುತ್ತಾ ಅಂಕಲ್? ಊರಲ್ಲಿ ಏನು ಮಾಡಲಿ ಅಂತಲೂ ನೀವೇ ಹೇಳಿ. ಕಾಟನ್ ಮಿಲ್ ಕಾಲ ಮುಗೀತು. ಇಂಜಿನಿಯರಿಂಗ್ ಕಾಲೇಜು ಬೇಕಾದಷ್ಟಿವೆ, ಓದಿ ಮುಗಿಸಿದ ಮೇಲೆ ಬೆಂಗಳೂರು ಟ್ರೈನೇ ಗತಿ.

ಹರಿಹರದ ತಾಯಿ: ಸರಿಯಾಗಿ ಹೇಳಿದೆ ಕಣವ್ವ. ನಮ್ಮ ಹುಡುಗನೂ ಎರಡು ವರ್ಷ ಇಲ್ಲೇ ಹುಡುಕಿದ. ಕೊನೆಗೆ ಹೋದ.

ಚನ್ನಗಿರಿ, ಈಗ ವಿಜಯನಗರ: ಮೇಡಂ, ಇದು ಕಾಯಿಲೆಯೋ ಅಲ್ವೋ ಗೊತ್ತಿಲ್ಲ. ಶುಕ್ರವಾರ ಆಫೀಸ್ ಬಿಟ್ಟರೆ ಸೋಮವಾರದವರೆಗೂ ಯಾರ ಜೊತೆಗೂ ಮಾತಿಲ್ಲ. ರಾತ್ರಿ 3ರವರೆಗೆ ಎಚ್ಚರ. ಊಟ ಬೇಡ ಅನ್ಸುತ್ತೆ. ಒಂದು ತಿಂಗಳಾಯ್ತು. ಅಮ್ಮನಿಗೆ ಚೆನ್ನಾಗಿದ್ದೀನಿ ಅಂತ ಹೇಳ್ತೀನಿ.

ಎಂಸಿಸಿ ಬಿ ಬ್ಲಾಕ್: ಮೊಬೈಲ್ ಎತ್ತಿಡು, ಬೆಳಗ್ಗೆ 5ಕ್ಕೆ ಏಳು, ಸೂರ್ಯ ನಮಸ್ಕಾರ ಮಾಡು. ಎಲ್ಲಾ ಹೋಗುತ್ತೆ.

ಡಾಕ್ಟರ್: ಹೋಗಲ್ಲ. ಚನ್ನಗಿರಿ ಹುಡುಗ, ಎರಡು ವಾರ ಮೀರಿದ ಮೇಲೆ ಇದು ಸೋಮಾರಿತನ ಅಲ್ಲ, ತೋರಿಸಬೇಕಾದ ವಿಷಯ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯುವ ಯೋಚನೆ ಏನಾದರೂ ಬರುತ್ತಿದ್ದರೆ ಇದೇ ಗಳಿಗೆ ಫೋನ್ ಮಾಡು, ಒಬ್ಬನೇ ಇರಬೇಡ. ನನಗೂ ಬೇರೆಯಾಗಿ ಮೆಸೇಜ್ ಹಾಕು. ಅಮ್ಮನಿಗೆ ನಿಜ ಹೇಳು.

ಜಗಳೂರು, ಈಗ ಪೀಣ್ಯ: ಮೇಡಂ, ಡೆಂಗ್ಯೂಗೆ ಪಪ್ಪಾಯ ಎಲೆ ರಸ ಎಷ್ಟು ಚಮಚ? ನಮ್ಮ ಪಿಜಿಯಲ್ಲಿ ಒಬ್ಬನಿಗೆ ಬಂದಿದೆ.

ಡಾಕ್ಟರ್: ಸೊನ್ನೆ ಚಮಚ. ನೋವಿನ ಮಾತ್ರೆಯೂ ಬೇಡ, ಪ್ಯಾರಾಸಿಟಮಾಲ್ ಮಾತ್ರ. ಜ್ವರ ಇಳಿದ ದಿನವೇ ಜಾಸ್ತಿ ಎಚ್ಚರ ಬೇಕು. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಕೈಕಾಲು ತಣ್ಣಗೆ, ಮೂತ್ರ ಕಮ್ಮಿ ಅಂದರೆ ಆಸ್ಪತ್ರೆ. ಎಲೆ ಹುಡುಕುತ್ತಾ ಹೊತ್ತು ಕಳೆಯಬೇಡಿ.

ಜಗಳೂರು, ಈಗ ಪೀಣ್ಯ: ನಮ್ಮ ಮಾವನಿಗೆ ಅದರಿಂದಲೇ ಪ್ಲೇಟ್‌ಲೆಟ್ ಏರಿತ್ತು.

ಡಾಕ್ಟರ್: ಡೆಂಗ್ಯೂ ವಾಸಿಯಾಗುವಾಗ ತಾನಾಗಿ ಏರುತ್ತೆ. ರಸ ಕುಡಿದವರಿಗೂ ಏರುತ್ತೆ, ಕುಡಿಯದವರಿಗೂ ಏರುತ್ತೆ.

ನಿಟ್ಟುವಳ್ಳಿ, ಈಗ ರಾಜಾಜಿನಗರ: ಮೇಡಂ, ರಟ್ಟು ಕಿತ್ತೆ. ಓನರ್ ಆಂಟಿಗೆ ಫೋನ್ ಮಾಡಿದೆ. "ನಿಮಗಿಂತ ಮುಂಚೆ ಇದ್ದವರಿಗೆ ಏನೂ ಆಗಿಲ್ಲ, ಎಕ್ಸಾಸ್ಟ್ ಫ್ಯಾನ್ ಹಾಕಿಸ್ತೀನಿ" ಅಂದರು. ಸಾಕಾ? ನಾಳೆ ಸಂಜೆ ಆಫೀಸ್ ಮುಗಿಸಿ ಆಸ್ಪತ್ರೆಗೆ ಹೋಗ್ತೀವಿ.

ಡಾಕ್ಟರ್: ಸಾಲದು. ಫ್ಯಾನ್ ಕೆಡುತ್ತೆ, ಕರೆಂಟ್ ಹೋಗುತ್ತೆ, ಹಾಕಲು ಮರೆಯುತ್ತೀರಿ. ಗ್ಯಾಸ್ ಗೀಸರ್ ಬಾತ್‌ರೂಮಿನ ಹೊರಗೆ, ಗಾಳಿ ಆಡುವ ಜಾಗದಲ್ಲಿರಬೇಕು. ಬಿಸಿನೀರು ಮಾತ್ರ ಪೈಪಿನಲ್ಲಿ ಒಳಗೆ ಬರಲಿ. ಇಲ್ಲವೇ ಕರೆಂಟಿನದು. ಅಲ್ಲಿಯವರೆಗೆ ಅಡುಗೆಮನೆ ಕಿಟಕಿ ತೆಗೆದು ಒಲೆ ಮೇಲೆ ನೀರು ಕಾಯಿಸಿ.

ಆಸ್ಪತ್ರೆಗೆ ಹೋಗಿ, ಡಾಕ್ಟರ್ ನೋಡಲಿ. ಆದರೆ ರಕ್ತಪರೀಕ್ಷೆ ನಾರ್ಮಲ್ ಬಂದರೆ ಮೋಸ ಹೋಗಬೇಡ. ಹೊರಗಿನ ಗಾಳಿ ಉಸಿರಾಡುತ್ತಿದ್ದರೇ ರಕ್ತದಲ್ಲಿರುವ ಈ ಅನಿಲ ಸುಮಾರು ನಾಲ್ಕೈದು ಗಂಟೆಗೆ ಅರ್ಧಕ್ಕೆ ಇಳಿಯುತ್ತೆ. ಬೆಳಗ್ಗೆ ಸ್ನಾನ ಮಾಡಿ ಸಂಜೆ ರಕ್ತ ಕೊಟ್ಟರೆ ಹೆಚ್ಚೇನೂ ಉಳಿದಿರುವುದಿಲ್ಲ. ನಾಳೆ ಅಂತೂ ನೀನು ಗೀಸರ್ ಹಚ್ಚಿಯೇ ಇರುವುದಿಲ್ಲ. ಆ ಕಾಗದವನ್ನು ಓನರ್‌ಗೆ ತೋರಿಸಿ "ನೋಡಿ, ಏನಿಲ್ಲ" ಅನ್ನಬೇಡ.

ಪಿ.ಜೆ. ಬಡಾವಣೆ: ಒಲೆ ಯಾಕೆ ಮೇಡಂ, ಬಕೆಟ್‌ಗೆ ಹೀಟರ್ ಕಾಯಿಲ್ ಹಾಕಿದರೆ ಆಯ್ತಲ್ಲ.

ಡಾಕ್ಟರ್: ಪ್ಲಗ್ ಕಿತ್ತ ಮೇಲೆ ನೀರು ಮುಟ್ಟುವ ಶಿಸ್ತು ಇದ್ದರೆ ಹಾಕಿ. "ಬಿಸಿ ಆಯ್ತಾ" ಅಂತ ಬೆರಳು ಅದ್ದಿ ನೋಡುವವರು ಹಾಕಬೇಡಿ.

ಹರಿಹರದ ರಿಪೇರಿ ಅಂಗಡಿ: ಮೇಡಂ, ನಾನು ಗೀಸರ್ ಸರ್ವಿಸ್ ಮಾಡುವವನು. ಉರಿ ಹಳದಿಯಾಗಿದ್ದರೆ ಬರ್ನರ್ ಕೆಟ್ಟಿದೆ ಅಂತ. ನೀಲಿಯಾಗಿದ್ದರೆ ತೊಂದರೆ ಇಲ್ಲ.

ಡಾಕ್ಟರ್: ಮೊದಲ ಮಾತು ಸರಿ ಅಣ್ಣ. ಎರಡನೆಯದು ಕಿಟಕಿ ಇರುವ ಕಡೆಗೆ. ಮುಚ್ಚಿದ ಬಾತ್‌ರೂಮಿನಲ್ಲಿ ನೀಲಿ ಉರಿಯನ್ನೂ ನಂಬಬೇಡಿ. ಗಿರಾಕಿಗೆ ಗೋಡೆಯ ಹೊರಗೆ ಫಿಟ್ ಮಾಡಿಕೊಡಿ, ಪುಣ್ಯ ಬರುತ್ತೆ.

ಇನ್ನೊಂದು. ಯಾರಾದರೂ ಒಳಗೆ ಬಿದ್ದರೆ ಅಲ್ಲೇ ನಿಂತು ನೀರು ಚಿಮುಕಿಸಬೇಡಿ, ನೀವೂ ಬೀಳುತ್ತೀರಿ. ಬಾಗಿಲು ಮುರಿದು ಮೊದಲು ಹೊರಗೆ ಎಳೆಯಿರಿ. ಆಮೇಲೆ ಸಿಲಿಂಡರ್ ಬಂದ್. 108ಕ್ಕೆ ಫೋನ್ ಮಾಡಿ "ಗ್ಯಾಸ್ ಗೀಸರ್" ಅನ್ನುವ ಮಾತು ಹೇಳಿ, ಆಮ್ಲಜನಕ ಬೇಕು ಅನ್ನಿ.

ಎಂಸಿಸಿ ಬಿ ಬ್ಲಾಕ್: ಇಷ್ಟೆಲ್ಲಾ ಹೇಳುವ ಡಾಕ್ಟರು ದೃಷ್ಟಿ ತೆಗೆದರೆ ಏನು ನಷ್ಟ ಅಂತ ಹೇಳಲಿ. ನಂಬಿಕೆಗೂ ಬೆಲೆ ಇದೆ.

ಡಾಕ್ಟರ್: ತೆಗೆಯಿರಿ ಸರ್. ರಟ್ಟನ್ನೂ ತೆಗೆಯಿರಿ. ನಿಮ್ಮ ಬಾಡಿಗೆ ಮನೆಗಳಿಗೂ ಈ ವಾರ ಒಮ್ಮೆ ಹೋಗಿ ಬನ್ನಿ.

ಎಂಸಿಸಿ ಬಿ ಬ್ಲಾಕ್ ಗುಂಪಿನಿಂದ ಹೊರಹೋಗಿದ್ದಾರೆ.

ವಿದ್ಯಾನಗರ, ಈಗ ಬಿಟಿಎಂ ಲೇಔಟ್: ಹಹಹ.

ಅಡ್ಮಿನ್: ನಗಬೇಡಿ. ಹಿರಿಯರು. ಇನ್ನು ಹತ್ತು ನಿಮಿಷಕ್ಕೆ ಮುಗಿಸೋಣ.

ಕೆಟಿಜೆ ನಗರ, ಈಗ ಮಾರತ್ತಹಳ್ಳಿ: ಮೇಡಂ, ನನ್ನ ನೈಟ್ ಶಿಫ್ಟ್ ಪ್ರಶ್ನೆ?

ಹೊನ್ನಾಳಿ, ಈಗ ಯಶವಂತಪುರ: ಹಿಮೋಗ್ಲೋಬಿನ್ ಎಷ್ಟಿರಬೇಕು ಮೇಡಂ?

ಹರಿಹರದ ತಾಯಿ: ಮೇಡಂ, ನನ್ನ ಮಗನ ರೂಮಲ್ಲೂ ಗ್ಯಾಸ್ ಗೀಸರ್ರೇ. ನೀವು ಬರೆದದ್ದು ಓದಿದಾಗಿನಿಂದ ಫೋನ್ ಮಾಡ್ತಿದ್ದೀನಿ, ತೆಗಿತಿಲ್ಲ.

ಡಾಕ್ಟರ್: ಜೊತೆಯವರ ನಂಬರ್ ಇದೆಯಾ? ಓನರ್ ನಂಬರ್? ಅವರಿಗೆ ಮಾಡಿ. ಬಾಗಿಲು ಬಡಿಯಲು ಹೇಳಿ.

ಹರಿಹರದ ತಾಯಿ: ತೆಗೆದ ಮೇಡಂ. ಕ್ರಿಕೆಟ್ ಆಡಲು ಹೋಗಿದ್ದನಂತೆ. ಈಗ ಬಂದು ಸ್ನಾನಕ್ಕೆ ಹೊರಟಿದ್ದಾನೆ.

ಡಾಕ್ಟರ್: ನಿಲ್ಲಿಸಿ. ಬಾತ್‌ರೂಮಿನ ಫೋಟೋ ಕಳಿಸಲು ಹೇಳಿ. ಗೀಸರ್, ಕಿಟಕಿ ಎರಡೂ ಕಾಣಬೇಕು.

ಹರಿಹರದ ತಾಯಿ: ಕಿಟಕಿ ಇಲ್ವಂತೆ. ಎಕ್ಸಾಸ್ಟ್ ಫ್ಯಾನ್ ಇದೆಯಂತೆ, ಅದು ತಿರುಗಲ್ವಂತೆ.

ಡಾಕ್ಟರ್: ಇವತ್ತು ತಣ್ಣೀರು.