ಪದಚರ್ಚೆ: ‘ಆಪ್ಟಿಕ್ಸ್ ರೆಡಿ ಕಾಂಪ್ಯಾಕ್ಟ್ ಪಿಸ್ತೂಲ್’ ಅನ್ನೋದನ್ನ ಕೋವಿ ಬಲ್ಲೋರಿಗೆ ಹೇಳೋದು ಹೆಂಗೆ?

ನಮಸ್ಕಾರ ಎಲ್ರಿಗೂ,

ಒಂದಷ್ಟು ಪದಗಳ ಬಗ್ಗೆ ಕೇಳೋದಿತ್ತು, ಸ್ವಲ್ಪ ಉದ್ದ ಆಗತ್ತೆ. ನಮ್ಮ ದೊಡ್ಡಪ್ಪನ ಮಗ ಹ್ಯೂಸ್ಟನ್ ಹತ್ರ ಇದಾನೆ, ಗ್ರೀನ್ ಕಾರ್ಡ್ ಬಂತು, ಈಗ ಮನೇಲಿ ಇಟ್ಕೊಳಕ್ಕೆ ಒಂದು ‘ಆಪ್ಟಿಕ್ಸ್ ರೆಡಿ ಕಾಂಪ್ಯಾಕ್ಟ್’ ಪಿಸ್ತೂಲು, ಅಂದ್ರೆ ಮೇಲೆ ಗುರಿ ನೋಡೋ ಗಾಜು ಕೂರ್ಸಕ್ಕೆ ಬರೋ ನಡುಗಾತ್ರದ್ದು, ತಗೋಬೇಕು ಅಂತಿದಾನೆ. ಎಚ್‌1ಬಿ ಕೆಲಸದ ವೀಸಾ ಮೇಲೆ ಇದ್ದಾಗ ಆ ಮಾತೇ ಇರ್ಲಿಲ್ಲ, ಅಂಥ ವೀಸಾದವರು ಬೇಟೆ ಲೈಸೆನ್ಸ್ ಥರದ ಕೆಲವು ವಿನಾಯ್ತಿ ಬಿಟ್ರೆ ಅಲ್ಲಿ ಗನ್ ಇಟ್ಕೊಳೋ ಹಾಗೇ ಇಲ್ಲ, ಅಂಗಡೀಲಿ ತುಂಬಿಸ್ಕೊಳೋ 4473 ಫಾರಮ್ಮಲ್ಲೇ ಅದನ್ನ ಕೇಳ್ತಾರೆ. ಸಮಸ್ಯೆ ಅದಲ್ಲ. ದೊಡ್ಡಪ್ಪ ಈಗ ಅಲ್ಲೇ ಇದಾರೆ. ಸಕಲೇಶಪುರದ ಕಡೆ ತೋಟದಲ್ಲಿ ಜೀವಮಾನ ಎಲ್ಲಾ ಕೋವಿ ಹಿಡಿದೋರು, ಎಲೆಕ್ಷನ್ ಬಂದಾಗೆಲ್ಲ ಸ್ಟೇಷನ್ನಿಗೆ ಕೋವಿ ಒಪ್ಪಿಸಿ ರಸೀತಿ ಜೋಪಾನ ಮಾಡಿದೋರು, ಅವರು ಖಡಾಖಂಡಿತ ಹೇಳ್ಬಿಟ್ಟಿದಾರೆ, ಅದು ಏನು ಎತ್ತ ಅಂತ ನಂಗೆ ಕನ್ನಡದಲ್ಲಿ ಬರೆದು ಕೊಡ್ರಿ, ಓದಿ ಆಮೇಲೆ ಹೂಂ ಅಂತೀನಿ ಅಂತ. ಬರೆಯೋ ಕೆಲಸ ನನ್ನ ತಲೆಗೆ ಬಂತು.

ಹಳೇ ಕೋವಿ ಮಾತು ನಮ್ಮಲ್ಲಿ ದಂಡಿಯಾಗಿದೆ, ನಳಿಗೆ (ಬ್ಯಾರೆಲ್), ತೋಟೆ (ಕಾರ್ಟ್ರಿಜ್), ಚರೆ, ಮದ್ದು, ಕೇಪು (ಮದ್ದಿಗೆ ಕಿಡಿ ಕೊಡೋ ಟೋಪಿ), ಈಡು (ಒಂದ್ಸಲ ಗುಂಡು ಹಾರೋದು), ಕುದುರೆ. ಅರ್ಧಕ್ಕರ್ಧ ಪಿಸ್ತೂಲಿಗೂ ಸಲೀಸಾಗಿ ಹೊಂದತ್ತೆ, ಇನ್ನರ್ಧ ಹೊಂದಿದ ಹಾಗೆ ಕಾಣತ್ತೆ ಆದ್ರೆ ದಾರಿ ತಪ್ಸತ್ತೆ. ನಂಗೆ ಬೇಕಿರೋದು ನಿಘಂಟಿನ ಪದ ಅಲ್ಲ, ಓದಿದೋರು ತಪ್ಪು ಸಾಮಾನು ಕೊಳ್ಳದ ಹಾಗೆ, ತಪ್ಪು ಕೈ ಇಡದ ಹಾಗೆ ಮಾಡೋ ಪದ.

ಮೊದಲು ‘ಸೆಮಿ ಆಟೋಮ್ಯಾಟಿಕ್’. ಪೇಪರಿನೋರು ‘ಅರೆ ಸ್ವಯಂಚಾಲಿತ’ ಅಂತಾರೆ. ಅದನ್ನ ಓದಿ ದೊಡ್ಡಪ್ಪ ಕೇಳಿದ್ದು, ಅರ್ಧ ತಾನಾಗೇ ಹಾರತ್ತೇನೋ? ಅಂತ. ನ್ಯಾಯವಾದ ಪ್ರಶ್ನೆನೇ. ಇದ್ರಲ್ಲಿ ತಾನಾಗೇ ಆಗೋದು ಈಡು ಹಾರೋದಲ್ಲ, ತೋಟೆ ತುಂಬ್ಕೊಳೋದು. ಮೊದಲ ಸಲ ಮೇಲಿನ ಸ್ಲೈಡನ್ನ (ನಳಿಗೆ ಮೇಲೆ ಹಿಂದೆಮುಂದೆ ಜಾರೋ ಲೋಹದ ಭಾಗ) ಕೈಯಲ್ಲಿ ಹಿಂದಕ್ಕೆ ಎಳೆದು ಬಿಡ್ಬೇಕು, ಹಿಡಿಯೊಳಗಿನ ಮ್ಯಾಗಜೀನಿಂದ (ತೋಟೆ ಜೋಡಿಸಿಟ್ಟ ಡಬ್ಬಿ) ಒಂದು ತೋಟೆ ಮೇಲೆದ್ದು ನಳಿಗೆ ಬುಡಕ್ಕೆ ಸೇರತ್ತೆ, ಒಂದ್ಸಲ ಬೆರಳೆಳೆದ್ರೆ ಒಂದೇ ಈಡು, ಆ ಈಡಿನ ಒದೆತಕ್ಕೆ ಸ್ಲೈಡ್ ಹಿಂದೆ ಹೋಗಿ ಖಾಲಿ ಕೇಸನ್ನ ಹೊರಗೆ ಎಸೆದು, ಸ್ಪ್ರಿಂಗ್ ತಳ್ಳಿ ಮುಂದೆ ಬರೋವಾಗ ಇನ್ನೊಂದು ತೋಟೆ ಎತ್ಕೊಂಡು ಬರತ್ತೆ, ಮತ್ತೆ ಬೆರಳೆಳೆಯೋ ತನಕ ಸುಮ್ನೆ ಇರತ್ತೆ. ಹಾಗಾಗಿ ನಾನು ‘ತಾನೇ ತುಂಬ್ಕೊಳೋ ಪಿಸ್ತೂಲು’ ಅಂತ ಬರೆದೆ. ಕೇಪಿನ ಕೋವಿಗೆ ನಳಿಗೆ ಬಾಯಿಂದ ಮದ್ದು ಗಿಡಿದು ತುಂಬಿದೋರಿಗೆ ಇದು ಥಟ್ ಅಂತ ಹೊಳೀತು. ಇದಕ್ಕಿಂತ ಚಿಕ್ಕದಾಗಿ ಯಾರಾದ್ರೂ ಹೇಳ್ತೀರಾ?

ಒದೆತ ಅಂದೆನಲ್ಲ, ರಿಕಾಯಿಲ್‌ಗೆ ‘ಹಿನ್ನೂಕು’ ‘ಪ್ರತಿಕ್ಷೇಪ’ ಅಂತೆಲ್ಲ ಬರೆಯೋರು ಒಂದ್ಸಲ ಕೋವಿ ಹಿಡಿದು ನೋಡ್ಲಿ. ಕೋವಿ ಒದೆಯತ್ತೆ. ಕುದುರೆ ಇದ್ಮೇಲೆ ಒದೀದೆ ಇರತ್ತಾ.

ಆ ಕುದುರೇನೇ ಈಗ ದೊಡ್ಡ ತಲೆನೋವು. ನಮ್ಮ ಕಡೆ ಕುದುರೆ ಅಂದ್ರೆ ಹೆಬ್ಬೆರಳಲ್ಲಿ ಹಿಂದಕ್ಕೆ ಎಳೆದು ನಿಲ್ಸೋದು, ಹ್ಯಾಮರ್. ಕಥೆ ಕಾದಂಬರಿ ಪೇಪರಲ್ಲೆಲ್ಲ ‘ಕುದುರೆ ಎಳೆದ’ ಅಂದ್ರೆ ತೋರುಬೆರಳಲ್ಲಿ ಎಳೆಯೋ ಟ್ರಿಗರ್. ಎರಡೂ ಬಳಕೇಲಿದೆ, ಯಾವ್ದೂ ತಪ್ಪಲ್ಲ, ಆದ್ರೆ ಈಗಿನ ಗ್ಲಾಕ್, ಸಿಗ್ ಪಿ365, ಸ್ಮಿತ್ ಅಂಡ್ ವೆಸನ್ ಎಂ ಅಂಡ್ ಪಿ ಈ ಪಿಸ್ತೂಲುಗಳಿಗೆಲ್ಲ ಹೊರಗೆ ಹ್ಯಾಮರ್ ಇರೋದೇ ಇಲ್ಲ, ಒಳಗೆ ಸ್ಟ್ರೈಕರ್ ಅನ್ನೋ ಸ್ಪ್ರಿಂಗಿನ ಮೊಳೆ ಇರತ್ತೆ. ದೊಡ್ಡಪ್ಪ ಫೋಟೋ ನೋಡಿ ಕೇಳಿದ ಮೊದಲ ಮಾತೇ, ಕುದುರೆ ಎಲ್ಲೋ, ಎತ್ತಿದೆಯೋ ಇಳಿದಿದೆಯೋ ಅಂತ ನೋಡಿದ್ರೆ ಹೆಂಗೆ ಗೊತ್ತಾಗತ್ತೆ ಅಂತ. ದೂರದಿಂದ ನೋಡಿ ಹೇಳೋ ಹಾಗಿಲ್ಲ ಅನ್ನೋದೇ ಅದಕ್ಕೆ ಉತ್ತರ. ಗ್ಲಾಕಲ್ಲಿ ಹೆಬ್ಬೆರಳಿಗೆ ಸೇಫ್ಟಿ ಲಾಕೂ ಇಲ್ಲ, ಟ್ರಿಗರ್ ಮಧ್ಯೆ ಒಂದು ಸಣ್ಣ ನಾಲಿಗೆ ಇರತ್ತೆ, ಅದು ಒತ್ತಿದ್ರೇನೇ ಟ್ರಿಗರ್ ಹಿಂದೆ ಹೋಗೋದು. ಪಿ365, ಎಂ ಅಂಡ್ ಪಿ ಎರಡರಲ್ಲೂ ಬೇಕಾದೋರಿಗೆ ಬೇರೆ ಸೇಫ್ಟಿ ಇರೋ ಮಾಡೆಲ್ ಸಿಗತ್ತೆ. ಸದ್ಯಕ್ಕೆ ಟ್ರಿಗರ್‌ಗೆ ಟ್ರಿಗರ್ ಅಂತಲೇ ಇಟ್ಟಿದೀನಿ, ಕುದುರೆ ಅನ್ನೋದನ್ನ ಹ್ಯಾಮರ್‌ಗೆ ಮಾತ್ರ ಮೀಸಲಿಟ್ಟಿದೀನಿ. ಒಪ್ತೀರೋ ಇಲ್ವೋ ಹೇಳಿ, ಆದ್ರೆ ಒಂದೇ ಬರಹದಲ್ಲಿ ಎರಡಕ್ಕೂ ಕುದುರೆ ಅನ್ನೋದು ಮಾತ್ರ ಬೇಡ.

ಸ್ಲೈಡಿಗೆ ಕನ್ನಡ ಹುಡುಕೋ ಉಸಾಬರಿ ಬಿಟ್ಟೆ. ಜಾರು ಅಂತ ಶುರು ಮಾಡಿದ್ರೆ ಜಾರುಬಂಡೆ ನೆನಪಾಗತ್ತೆ.

ಇನ್ನು ‘ಆಪ್ಟಿಕ್ಸ್ ರೆಡಿ’, ನಿಜವಾಗಿ ಈ ಮೇಲ್ ಹಾಕಿದ್ದೇ ಇದಕ್ಕೆ. ‘ಆಪ್ಟಿಕ್ಸ್ ಸಿದ್ಧ’ ಅಂದ್ರೆ ಆಪ್ಟಿಕ್ ಹಾಕೇ ಕೊಡ್ತಾರೆ ಅಂತ ಅರ್ಥ ಆಗತ್ತೆ, ‘ಊಟ ಸಿದ್ಧ’ ಇದ್ದ ಹಾಗೆ. ಬಹಳಷ್ಟು ಸಲ ಡಬ್ಬದಲ್ಲಿ ಬರೋದು ಬರೀ ಪಿಸ್ತೂಲು, ಸ್ಲೈಡಿನ ಮೇಲ್ಭಾಗ ಫ್ಯಾಕ್ಟರೀಲೇ ಕೊರೆದು ಮೇಲೊಂದು ಮುಚ್ಚಳದ ಪ್ಲೇಟ್ ಸ್ಕ್ರೂ ಹಾಕಿ ಕೂರ್ಸಿರ್ತಾರೆ, ಆ ಮುಚ್ಚಳ ತೆಗೆದು ಅಲ್ಲಿ ರೆಡ್ ಡಾಟ್ ಸೈಟನ್ನ ಬೇರೆ ದುಡ್ಡು ಕೊಟ್ಟು ತಂದು ಕೂರ್ಸ್ಕೋಬೇಕು. ಕಂಪನಿಗೊಂದು ಹೆಸರು ಬೇರೆ, ಗ್ಲಾಕ್‌ನೋರು ಎಂಓಎಸ್ ಅಂತಾರೆ, ಸ್ಪ್ರಿಂಗ್‌ಫೀಲ್ಡ್ ಹೆಲ್‌ಕ್ಯಾಟಲ್ಲಿ ಓಎಸ್‌ಪಿ, ಸೀಜೆಡ್ ಪಿ-10 ಸಿ ಮುಂದೆ ಓಆರ್. ಅರ್ಥ ಎಲ್ಲಾ ಒಂದೇ. ‘ಆಪ್ಟಿಕ್ ಕೂರಿಸಲು ಕೊರೆದ’ ಅಂತ ಬರೆದಿದೀನಿ, ಉದ್ದ ಆಯ್ತು ನಿಜ, ಆದ್ರೆ ಬೇರೆ ತರ್ಬೇಕು ಅನ್ನೋದು ಅದ್ರಲ್ಲೇ ಗೊತ್ತಾಗತ್ತೆ.

ಆಪ್ಟಿಕ್ ಅಂದ್ರೇನು ಅಂದಾಗ ದೊಡ್ಡಪ್ಪ ‘ದುರ್ಬೀನಾ?’ ಅಂದ್ರು. ಅಲ್ಲ. ದುರ್ಬೀನು ದೂರದ್ದನ್ನ ಹತ್ರ ತೋರ್ಸತ್ತೆ, ಇದು ಏನನ್ನೂ ದೊಡ್ಡದು ಮಾಡಲ್ಲ, ಒಳಗಿನ ಎಲ್‌ಇಡಿ ಬೆಳಕು ಎದುರಿನ ಲೇಪ ಹಚ್ಚಿದ ಗಾಜಿಗೆ ಬಡಿದು ಕಣ್ಣಿಗೆ ಕೆಂಪು ಚುಕ್ಕೆಯಾಗಿ ಕಾಣತ್ತೆ ಅಷ್ಟೆ. ಚುಕ್ಕೆ ಎಲ್ಲಿ ಕೂತಿದೆಯೋ ಗುರಿ ಅಲ್ಲಿ. ಮುಂದಿನ ಮಣಿ, ಹಿಂದಿನ ಸೀಳು, ಗುರಿ, ಈ ಮೂರನ್ನೂ ಒಂದೇ ಗೆರೆಗೆ ತರೋ ಕಷ್ಟ ಇಲ್ಲ. ಚಾಳೀಸು ಬಂದೋರಿಗೆ ಹತ್ರದ ಮಣಿ ಮಸುಕಾಗತ್ತಲ್ಲ, ಅವರಿಗೆ ಇದು ವರವೇ. ‘ಚುಕ್ಕೆಗಾಜು’ ಅಂತ ಇಟ್ಟಿದೀನಿ.

ಆ ಚುಕ್ಕೆಯ ಅಳತೆ ಎಂಓಎ. ಪ್ಯಾಕೆಟ್ ಮೇಲೆ 3 ಎಂಓಎ, 6 ಎಂಓಎ ಅಂತ ಇರತ್ತೆ, ಮಿನಿಟ್ ಆಫ್ ಆಂಗಲ್, ಒಂದು ಡಿಗ್ರೀಲಿ 60ರಲ್ಲಿ ಒಂದು ಪಾಲು. ‘ಕೋನದ ನಿಮಿಷ’ ಅಂದ್ರೆ ದೊಡ್ಡಪ್ಪ ಗಡಿಯಾರ ನೋಡ್ತಾರೆ. ಆದ್ರೆ ಅವರು ದಿನಾ ಪಂಚಾಂಗ ನೋಡೋರು, ಪಂಚಾಂಗದಲ್ಲಿ ಅಂಶ, ಕಲೆ, ವಿಕಲೆ ಇದೆಯಲ್ಲ, ಒಂದು ಅಂಶಕ್ಕೆ 60 ಕಲೆ, ಅದೇ ಇದು! ಹಾಗಾಗಿ ‘ಮೂರು ಕಲೆಯ ಚುಕ್ಕೆ’. ಚುಕ್ಕೇನೂ ಒಂದು ಕಲೆ ತಾನೇ, ಡಬಲ್ ಲಾಭ. ಒಂದು ಕಲೆ ಅಂದ್ರೆ 100 ಮೀಟರಿನಲ್ಲಿ ಸುಮಾರು 2.9 ಸೆಂ.ಮೀ., ಹಾಗಾಗಿ 3 ಕಲೆ ಚುಕ್ಕೆ 10 ಮೀಟರಿನಲ್ಲಿ ಒಂದು ಸೆಂ.ಮೀ.ಗೂ ಕಮ್ಮಿ ಜಾಗ ಮುಚ್ಚತ್ತೆ. ಮನೆಯೊಳಗಿನ ದೂರಕ್ಕೆ 3 ಆದ್ರೂ 6 ಆದ್ರೂ ಸಾಕು, ದೊಡ್ಡ ಚುಕ್ಕೆ ಬೇಗ ಸಿಗತ್ತೆ. ಪಂಚಾಂಗದ ಪದ ಇಲ್ಲಿಗೆ ತಂದಿದ್ದಕ್ಕೆ ಯಾರಾದ್ರೂ ಬೈಯ್ಯೋದಿದ್ರೆ ಬೈಯ್ರಿ.

‘ಫುಟ್‌ಪ್ರಿಂಟ್’ ಇನ್ನೊಂದು. ‘ಹೆಜ್ಜೆಗುರುತು’ ಅಂತ ಮಾಡಿ ನಗೆಪಾಟಲು ಆಗೋದು ಬೇಡ. ಚುಕ್ಕೆಗಾಜಿನ ತಳದ ಆಕಾರ, ಸ್ಕ್ರೂ ತೂತುಗಳ ಜಾಗ, ಇವು ಸ್ಲೈಡಿನ ಕೊರೆತಕ್ಕೆ ಹೊಂದ್ಬೇಕು, ಲಿಂಗಕ್ಕೆ ತಕ್ಕ ಪಾಣಿಪೀಠ ಇದ್ದ ಹಾಗೆ. ‘ಪೀಠ’ ಅಂತ ಬರೆದೆ. ಚುಕ್ಕೆಗಾಜಿನ ಮಾಡೆಲ್ ಹೆಸರೇ ಪೀಠಕ್ಕೂ ಹೆಸರು, ಅಗಲವಾದ ಸ್ಲೈಡಿಗೆ ಟ್ರಿಜಿಕಾನ್ ಕಂಪನಿಯ ಆರ್‌ಎಂಆರ್ ಪೀಠ ಹೆಚ್ಚು ಚಾಲ್ತಿ, ಕಿರಿದಾದ ಗ್ಲಾಕ್ 43ಎಕ್ಸ್ ಎಂಓಎಸ್, ಪಿ365ಎಕ್ಸ್‌ಎಲ್, ಹೆಲ್‌ಕ್ಯಾಟ್ ಇವಕ್ಕೆ ಶೀಲ್ಡ್ ಕಂಪನಿಯ ಆರ್‌ಎಂಎಸ್‌ಸಿ ಪೀಠ. ಗ್ಲಾಕ್ 19 ಎಂಓಎಸ್‌ನಲ್ಲಿ ಬೇರೆ ಬೇರೆ ಪೀಠಕ್ಕೆ ಅಂತ ನಡುವೆ ಹಾಕೋ ಪ್ಲೇಟುಗಳು ಬರತ್ತೆ, 43ಎಕ್ಸಲ್ಲಿ ಪ್ಲೇಟಿಲ್ಲದೆ ನೇರ ಕೂರತ್ತೆ. ಪೀಠ ನೋಡದೆ ಆಫರಲ್ಲಿ ಸಿಕ್ತು ಅಂತ ಗಾಜು ತಗೊಂಡ್ರೆ ದುಡ್ಡು ದಂಡ. ಮತ್ತೆ ಬ್ಯಾಟರಿ ಎಲ್ಲಿದೆ ನೋಡ್ಬೇಕು, ಹಳೇ ಆರ್‌ಎಂಆರ್‌ಗೆ ತಳದಲ್ಲಿ ಇರತ್ತೆ, ಬದಲಾಯಿಸ್ಬೇಕಾದ್ರೆ ಗಾಜನ್ನೇ ಬಿಚ್ಚಿ ಕೂರ್ಸಿ ಗುರಿ ಮತ್ತೆ ಸರಿ ಇದೆಯಾ ಅಂತ ನೋಡ್ಬೇಕು. ಪಕ್ಕದಿಂದ ಬ್ಯಾಟರಿ ಹಾಕೋದು ಇದ್ರೆ ಆ ಗೋಳಿಲ್ಲ.

‘ಕಾಂಪ್ಯಾಕ್ಟ್’ ಕಂಪನಿಯೋರು ಇಟ್ಕೊಂಡ ಹೆಸರು, ಸರ್ಕಾರದ ಅಳತೆ ಅಲ್ಲ. ಗ್ಲಾಕ್ ಲೆಕ್ಕದಲ್ಲಿ 17 ಅನ್ನೋ ಮಾಡೆಲ್ ಪೂರಾ ಸೈಜು, ನಳಿಗೆ 114 ಮಿ.ಮೀ., ಮ್ಯಾಗಜೀನಲ್ಲಿ 17 ತೋಟೆ; 19 ಅನ್ನೋದು ಕಾಂಪ್ಯಾಕ್ಟ್, 102 ಮಿ.ಮೀ., 15 ತೋಟೆ. 26 ಅದಕ್ಕಿಂತ ಗಿಡ್ಡ, 87 ಮಿ.ಮೀ., 10 ತೋಟೆ. ‘ಅಡಕ’ ಅಂತ ಕಾಂಪ್ಯಾಕ್ಟ್ ಡಿಸ್ಕಿಗೆ ಅಡಕಮುದ್ರಿಕೆ ಮಾಡಿದೋರು ನಮ್ಮಲ್ಲಿದಾರೆ, ನಂಗೆ ‘ನಡುಗಾತ್ರ’ ಸರಿ ಅನ್ಸತ್ತೆ. ಯಾಕಂದ್ರೆ ‘ಚಿಕ್ಕ’ ಅಂದ ತಕ್ಷಣ ಮನೆಯೋರೆಲ್ಲ ಚಿಕ್ಕದಾದಷ್ಟೂ ಒಳ್ಳೇದು ಅಂತಾರೆ, ದೊಡ್ಡಮ್ಮನೂ ಹಾಗೇ ಅಂದ್ರು. ಹಗುರ ಆದಷ್ಟೂ ಒದೆತ ಜಾಸ್ತಿ, ಹಿಡೀಲಿ ಕಿರುಬೆರಳಿಗೆ ಜಾಗ ಸಾಲಲ್ಲ. ಸೊಂಟದಲ್ಲಿ ಬಚ್ಚಿಟ್ಕೊಂಡು ಓಡಾಡೋರಿಗೆ 43ಎಕ್ಸ್, ಪಿ365 ಸರಿ, ಮನೇಲಿ ಲಾಕರಲ್ಲಿ ಇಡೋದಾದ್ರೆ 19ರ ಗಾತ್ರವೇ ಮೇಲು ಅನ್ನೋದು ನನ್ನ ಅಭಿಪ್ರಾಯ. ಲಾಕರ್ ಬೇಕೇ ಬೇಕು, ಮೊಮ್ಮಕ್ಕಳಿದಾರೆ, ತೋಟೆ ತುಂಬಿದ ಪಿಸ್ತೂಲನ್ನ ಜೋಪಾನ ಮಾಡದೆ ಇಟ್ಟು ಅದು 17 ವರ್ಷದೊಳಗಿನೋರ ಕೈಗೆ ಸಿಕ್ರೆ ಟೆಕ್ಸಸ್ಸಲ್ಲಿ ಕೇಸಾಗತ್ತೆ.

ಇವೆಲ್ಲ 9 ಎಂಎಂ ತೋಟೆಯವು. ಅದನ್ನ ಕೇಳಿ ದೊಡ್ಡಪ್ಪ ಹೌಹಾರಿದ್ರು, ನಮ್ಮಲ್ಲಿ 9 ಎಂಎಂ ಪ್ರೊಹಿಬಿಟೆಡ್ ಬೋರ್, ಮಾಮೂಲಿ ಲೈಸೆನ್ಸಿಗೆ ಇಛಾಪುರ ಫ್ಯಾಕ್ಟರಿಯ .32 ಅಳತೆಯ ‘ಅಶನಿ’ ಪಿಸ್ತೂಲಿನ ಥರದ್ದೇ ಸಿಗೋದು. ‘ನಿಷೇಧಿತ ಬೋರ್’ ಅಂತ ಬರೆದ್ರೆ ಕಳ್ಳಮಾಲು ಅನ್ನೋ ಭಾವ ಬರತ್ತೆ, ಹಾಗಾಗಿ ‘ಇಂಡಿಯಾದಲ್ಲಿ ಜನಸಾಮಾನ್ಯರಿಗೆ ಕೊಡದ ಅಳತೆ’ ಅಂತ ಬಿಡಿಸಿ ಬರೆದೆ.

ಈಗ ಕೇಳೋದು ಮೂರು. ನಳಿಗೆ ತುದಿಯ ಮಣಿಗೆ ಕೊಡಗು, ಮೂಡಿಗೆರೆ, ತೀರ್ಥಹಳ್ಳಿ ಕಡೆ ಬೇಟೆಗಾರರು ಏನಂತಾರೆ? ತೋಟೆ ಹೋಗಿ ಕೂರೋ ನಳಿಗೆ ಬುಡಕ್ಕೆ, ಚೇಂಬರ್‌ಗೆ, ನಾನು ‘ತೋಟೆಮನೆ’ ಅಂದಿದೀನಿ, ಚೌಕಾಬಾರದ ಮನೆ ಇದ್ಯಲ್ಲ ಆ ಅರ್ಥದಲ್ಲಿ, ನಡೆಯತ್ತಾ?

ಮೂರನೇದು ಎಲ್ಲಕ್ಕಿಂತ ಮುಖ್ಯ. ಗ್ಲಾಕನ್ನ ತೊಳೆಯಕ್ಕೆ ಬಿಚ್ಬೇಕಾದ್ರೆ ಮೊದಲು ಟ್ರಿಗರ್ ಎಳೀಲೇಬೇಕು, ಪಿ365, ಎಂ ಅಂಡ್ ಪಿ ಬಿಚ್ಚೋಕೆ ಎಳೆಯೋದು ಬೇಕಿಲ್ಲ. ದೊಡ್ಡಪ್ಪಂದು ಒಂದೇ ಹಠ, ಖಾಲಿ ಕೋವಿ ಆದ್ರೂ ಸುಮ್ಸುಮ್ನೆ ಎಳೀಬಾರ್ದು ಅಂತ, ಆ ಒಂದು ಕಾರಣಕ್ಕೇ ಅವರ ಓಟು ಎಂ ಅಂಡ್ ಪಿ ಕಾಂಪ್ಯಾಕ್ಟ್‌ಗೆ ಬೀಳೋ ಹಾಗಿದೆ, ಅದ್ರಲ್ಲೂ ಆಪ್ಟಿಕ್ ಕೂರಿಸಲು ಕೊರೆದ ಮಾಡೆಲ್ ಸಿಗತ್ತೆ, ನಂದೇನೂ ತಕರಾರಿಲ್ಲ. ಆದ್ರೆ ಯಾವ್ದೇ ತಗೊಂಡ್ರೂ ‘ಖಾಲಿ ಮಾಡಿ’ ಅಂತ ಬರೆದ್ರೆ ಮ್ಯಾಗಜೀನ್ ತೆಗೆದು ಆಯ್ತು ಅಂದ್ಕೋತಾರೆ, ತೋಟೆಮನೇಲಿ ಒಂದು ಉಳಿದಿರತ್ತೆ, ಸ್ಲೈಡ್ ಮೊದಲು ಎಳೆದು ಮ್ಯಾಗಜೀನ್ ಆಮೇಲೆ ತೆಗೆದ್ರೂ ಅದೇ ಕಥೆ, ಇನ್ನೊಂದು ಒಳಗೆ ಹೋಗಿ ಕೂತಿರತ್ತೆ. ನಾನು ಬರೆದಿರೋದು ಹೀಗೆ: ‘ಮೊದಲು ಮ್ಯಾಗಜೀನ್ ಹೊರಗೆ ತೆಗೆದಿಡಿ. ಅದಾದ ಮೇಲೇ ಸ್ಲೈಡ್ ಹಿಂದಕ್ಕೆ ಎಳೆದು ಹಿಡಿದು ತೋಟೆಮನೆಯನ್ನ ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿ ಮುಟ್ಟಿ ನೋಡಿ.’ ಇದ್ರಲ್ಲಿ ಹಿಂದುಮುಂದಾಗಿ ಅರ್ಥ ಮಾಡ್ಕೊಳೋಕೆ ಎಲ್ಲಾದ್ರೂ ಸಂದು ಉಳಿದಿದ್ಯಾ ಅಂತ ನೋಡಿ ಹೇಳಿ, ಶನಿವಾರದೊಳಗೆ ಕಳಿಸ್ಬೇಕು.